ಝಾರೆನ್‌ನ ಇಪ್ಪತ್ತಾರು

ಮಾಲ್ಟಾದ ಮೆಲ್ಲೀಹಾ ಊರಿನಲ್ಲಿ ಯಾರಾದರೂ ಬುರುಡೆ ಬಿಟ್ಟರೆ ಅದನ್ನು ಬುರುಡೆ ಎನ್ನುವುದಿಲ್ಲ, ಇಪ್ಪತ್ತಾರು ಎನ್ನುತ್ತಾರೆ. ಮೀನುಗಾರನೊಬ್ಬ ನಿನ್ನೆ ಒಂದೇ ಬಲೆಗೆ ಐವತ್ತು ಕಿಲೋ ಲಾಂಪೂಕಿ ಮೀನು ಬಿತ್ತು ಎಂದರೆ, ಕೇಳುವವನು ಚಹಾದ ಲೋಟ ಕೆಳಗಿಟ್ಟು, "ಐವತ್ತೋ, ಇಪ್ಪತ್ತಾರೋ?" ಎನ್ನುತ್ತಾನೆ. ಮದುವೆಯಾಗಿ ಬಂದ ಹೊಸ ಸೊಸೆಯಂದಿರಿಗೂ ವಾರದೊಳಗೆ ಈ ಮಾತು ಬಾಯಿಗೆ ಹತ್ತುತ್ತದೆ. ಮಾತಿನ ಒಡೆಯ ಇನ್ನೂ ಬದುಕಿದ್ದಾನೆ. ಚರ್ಚಿನ ಕೆಳಗಿನ ಬೀದಿಯಲ್ಲಿ ಬ್ರೆಡ್ಡು ಬೇಯಿಸುತ್ತಾನೆ. ಅವನನ್ನು ಸುಳ್ಳುಗಾರ ಎನ್ನುವವರೂ ಬೆಳಿಗ್ಗೆ ಅವನ ಅಂಗಡಿಯ ಮುಂದೆಯೇ ಸಾಲು ನಿಲ್ಲುತ್ತಾರೆ.

ಆ ಇಪ್ಪತ್ತಾರು ನಿಜವೇ ಎಂದು ಐವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಕೇಳಿದವಳು ರೆದೆಂತಾ. ಊರಿನ ಲೈಬ್ರರಿ ನೋಡಿಕೊಳ್ಳುವ ನಲವತ್ತಾರರ ಹೆಂಗಸು. ಒಂದು ವಿಷಯ ಅರ್ಧ ಗೊತ್ತಾದರೆ ಅವಳಿಗೆ ಊಟ ಸೇರುವುದಿಲ್ಲ. ದೇಶದ ಗಂಡಸರ ಬ್ಯಾಸ್ಕೆಟ್‌ಬಾಲ್ ತಂಡದ ಚರಿತ್ರೆಯನ್ನು ಪುಸ್ತಕವಾಗಿ ತರಬೇಕೆಂದು ಆಟದ ಸಮಿತಿಯವರು ಹೊರಟಾಗ, ಇವಳಿಗೆ ವಹಿಸಿದರೆ ನಮ್ಮ ತಲೆನೋವು ತಪ್ಪುತ್ತದೆ ಎಂದುಕೊಂಡರು. ಪಾಪ, ಅವರಿಗೇನು ಗೊತ್ತಿತ್ತು.

ಮಾಲ್ಟಾ ಎಂದರೆ ಒಂದು ತುದಿಯಲ್ಲಿ ಸೀನಿದರೆ ಇನ್ನೊಂದು ತುದಿಯವರು ಹರಸುವಷ್ಟು ಚಿಕ್ಕ ದೇಶ. ಇಂಥ ದೇಶದ ತಂಡದ ಚರಿತ್ರೆಯಲ್ಲಿ ಗೆದ್ದ ಪುಟಗಳಿಗಿಂತ ಸೋತ ಪುಟಗಳೇ ದಪ್ಪ. ರೆದೆಂತಾ ಎಲ್ಲವನ್ನೂ ಬರೆದು ಮುಗಿಸಿದ್ದಳು, ಮೊದಲ ಪುಟವೊಂದನ್ನು ಬಿಟ್ಟು. ಬ್ರಿಟಿಷ್ ಸೈನ್ಯ ಇನ್ನೂ ದ್ವೀಪ ಬಿಡದ ಕಾಲದಲ್ಲಿ ನಮ್ಮ ಹತ್ತು ಹುಡುಗರು ಹಡಗು ಹತ್ತಿ ಸಿಸಿಲಿಯ ಒಂದು ಊರಿಗೆ ಹೋಗಿ, ಅಲ್ಲಿನ ಮುಚ್ಚಿದ ಹಾಲ್‌ನಲ್ಲಿ ಮೊದಲ ಬಾರಿ ದೇಶದ ಹೆಸರಲ್ಲಿ ಆಡಿ, ಐವತ್ತೆರಡಕ್ಕೆ ಮೂವತ್ತೆಂಟರಿಂದ ಸೋತು ಬಂದಿದ್ದರು. ಆ ಮೂವತ್ತೆಂಟನ್ನು ಹಾಕಿದವರು ಯಾರು ಎಂಬುದಕ್ಕೆ ಕಾಗದವಿಲ್ಲ. ಪತ್ರಿಕೆಯಲ್ಲಿ ಬಂದದ್ದು ಒಂದೇ ಸಾಲು. ಹತ್ತು ಜನರಲ್ಲಿ ಈಗ ಮಾತಾಡಿಸಲು ಸಿಗುವವರು ಇಬ್ಬರೇ: ಬ್ರೆಡ್ಡಿನ ಝಾರೆನ್, ಮತ್ತು ಅಂದಿನ ಕ್ಯಾಪ್ಟನ್ ಗ್ರಾತ್ಸ್ಯು. ಇಬ್ಬರ ನಡುವೆ ಮಾತುಕತೆ ನಿಂತು ದಶಕಗಳಾಗಿದ್ದವು.

"ಮೂವತ್ತೆಂಟರಲ್ಲಿ ಇಪ್ಪತ್ತಾರು ನನ್ನದು," ಎಂದ ಝಾರೆನ್, ಹಿಟ್ಟು ಮೆತ್ತಿದ ಕೈಯನ್ನು ಏಪ್ರನ್ನಿಗೆ ಒರೆಸುತ್ತ. "ಬರೆಯೋದಾದ್ರೆ ಹಾಗೇ ಬರಿ. ಇಲ್ಲಾಂದ್ರೆ ನನ್ನ ಹೆಸರೇ ಬೇಡ, ಕಿತ್ತು ಹಾಕು."

"ಸಮಿತಿಯವರು ಸಾಕ್ಷಿ ಕೇಳ್ತಾರೆ ಝಾರೆನ್ ಮಾಮ. ಶುಕ್ರವಾರ ಪುಸ್ತಕ ಪ್ರೆಸ್ಸಿಗೆ ಹೋಗುತ್ತೆ."

"ಮೇಲೆ ದೇವರಿದ್ದಾನೆ."

"ದೇವರು ಸಹಿ ಹಾಕಲ್ಲ."

"ಹಾಗಾದ್ರೆ ನಿಮ್ಮ ಕ್ಯಾಪ್ಟನ್ ಸಾಹೇಬನ್ನೇ ಕೇಳು ಹೋಗು. ಹನ್ನೊಂದು ಸಲ ಎಸೆದ ಮಹಾರಾಯ. ಹನ್ನೊಂದೂ ಹೊರಗೆ! ಅದೂ ಎಲ್ಲಾ ಎಡಕ್ಕೆ."

ರೆದೆಂತಾ ಪೆನ್ನು ಎತ್ತಿದಳು. "ಎಲ್ಲಾ ಎಡಕ್ಕಾ?"

"ಅವನದ್ದೊಂದೇ ಅಲ್ಲ, ಒಂಬತ್ತೂ ಜನರದ್ದು. ಎಡಕ್ಕೆ, ಒಂದು ಗೇಣು ಆಚೆಗೆ. ಬುಟ್ಟಿ ಕೆಳಗೇ ನುಗ್ಗಿ ಹಾಕಿದ್ದಷ್ಟೇ ಬಿತ್ತು. ನನಗೆ ನೆನಪಿದೆ ಕಣಮ್ಮ. ನೀನು ಚಿಕ್ಕವಳಿದ್ದಾಗ ನನ್ನ ಹಿಂದೆ ಇಪ್ಪತ್ತಾರು ಇಪ್ಪತ್ತಾರು ಅಂತ ಕೂಗ್ಕೊಂಡು ಓಡಿದ್ದೂ ನೆನಪಿದೆ."

ರೆದೆಂತಾಳ ಮುಖ ಕೆಂಪಾಯಿತು. ಓಡಿದ್ದು ನಿಜ. ಅವಳು ಎರಡು ಬ್ರೆಡ್ಡು ಹೆಚ್ಚಿಗೆ ಕೊಂಡು ಹೊರಬಿದ್ದಳು.

ಊರಿನವರು ಅವನನ್ನು ನಂಬದಿದ್ದುದಕ್ಕೆ ಕಾರಣವಿತ್ತು. ಝಾರೆನ್ ತಂಡಕ್ಕೆ ಬಂದದ್ದೇ ಲೆಕ್ಕ ತುಂಬಲು. ತಂಡದಲ್ಲಿದ್ದ ಬೇರೊಬ್ಬನಿಗೆ ಆ ಭಾನುವಾರ ಹಬ್ಬದಲ್ಲಿ ಮಾತೆಯ ಮೂರ್ತಿ ಹೊರುವ ಸರದಿ ಬಂದಿತ್ತು. ದೇಶ ಬೇಕಾದರೆ ಕಾಯಲಿ, ಮೂರ್ತಿಗೆ ಕೊಟ್ಟ ಹೆಗಲು ಹಿಂತೆಗೆದುಕೊಳ್ಳುವುದುಂಟೇ? ಅವನು ಉಳಿದ, ಪಾಸ್‌ಪೋರ್ಟ್ ಇದ್ದ ಝಾರೆನ್ ಹಡಗು ಹತ್ತಿದ. ಊರಿನ ಅಂಗಳದಲ್ಲಿ ಹತ್ತು ಸಲ ಎಸೆದರೆ ಒಂದು ಬಿದ್ದರೆ ಹೆಚ್ಚು, ಅಂಥ ಆಟಗಾರ. ಸಿಸಿಲಿಯಲ್ಲಿ ದೊಡ್ಡ ಆಟಗಾರರೆಲ್ಲ ಮೊದಮೊದಲು ಒಂದೂ ಹಾಕದಿದ್ದಾಗ, ತರಬೇತಿ ಕೊಡುತ್ತಿದ್ದ ಪಾದ್ರಿ ದುನ್ ಸ್ಪಿರ್ ಹತಾಶೆಯಿಂದ ಇವನನ್ನು ಒಳಗೆ ಕಳಿಸಿದರಂತೆ. ಉಳಿದದ್ದು ಅವನ ಬಾಯಿಮಾತು.

ಉಳಿದ ಒಂಬತ್ತು ಜನ ಹಡಗಿನಲ್ಲಿ ಬರುತ್ತ ಒಂದು ಮಾತಿಗೆ ಬಂದಿದ್ದರು: ಸಿಸಿಲಿಯವರು ಬುಟ್ಟಿಯನ್ನು ಸೊಟ್ಟಗೆ ಕಟ್ಟಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಊರು ಆ ಮಾತನ್ನು ಸಂತೋಷದಿಂದ ನಂಬಿತು. ಆದರೆ ಸೊಟ್ಟ ಬುಟ್ಟಿಗೆ ಝಾರೆನ್ ಒಬ್ಬನೇ ಇಪ್ಪತ್ತಾರು ಹಾಕುವುದು ಹೇಗೆ? ಬುಟ್ಟಿ, ಝಾರೆನ್, ಎರಡರಲ್ಲಿ ಒಂದು ಸುಳ್ಳಾಗಲೇಬೇಕು. ಎಲ್ಲಿ, ಹಾಕಿ ತೋರಿಸು ಎಂದು ಮರುವಾರ ಅವನನ್ನು ಅಂಗಳಕ್ಕೆ ಎಳೆದೊಯ್ದರು. ಹತ್ತರಲ್ಲಿ ಒಂಬತ್ತು ತಪ್ಪಿದ. ಅಂದಿಗೆ ತೀರ್ಪಾಯಿತು.

ಗ್ರಾತ್ಸ್ಯು ಸಿಕ್ಕಿದ್ದು ಬ್ಯಾಂಡ್ ಕ್ಲಬ್ಬಿನಲ್ಲಿ. ಎಂಬತ್ತು ವರ್ಷದ, ನೆಟ್ಟನೆಯ ಬೆನ್ನಿನ, ಹಡಗುಕಟ್ಟೆಯಲ್ಲಿ ಮೇಸ್ತ್ರಿಯಾಗಿ ನಿವೃತ್ತನಾದ, ಈಗ ಕ್ಲಬ್ಬಿನ ಅಧ್ಯಕ್ಷ.

"ಬುಟ್ಟಿ ಸೊಟ್ಟ ಇತ್ತು," ಎಂದ ಅವನು, ಅವಳು ಕೂರುವ ಮೊದಲೇ.

"ಹಾಗಾದ್ರೆ ಮೂವತ್ತೆಂಟು ಹೇಗೆ ಬಿತ್ತು?"

"ಬಿತ್ತು."

"ಯಾರು ಹಾಕಿದ್ರು?"

"ನೆನಪಿಲ್ಲ."

"ಹಡಗಲ್ಲಿ ಏನು ತಿಂದ್ರಿ ನೆನಪಿದೆಯಾ?"

"ಸಾರ್ಡೀನು, ಈರುಳ್ಳಿ. ದುನ್ ಸ್ಪಿರ್ ವಾಂತಿ ಮಾಡ್ಕೊಂಡ್ರು," ಎಂದವನು ಸಿಕ್ಕಿಬಿದ್ದೆನೆಂದು ತಿಳಿದು ಅವಳನ್ನು ದುರುಗುಟ್ಟಿ ನೋಡಿದ. "ನೀನು ಲೈಬ್ರರಿಯವಳೋ, ಪೊಲೀಸೋ?"

"ಕೊನೇದೊಂದು ಕೇಳ್ತೀನಿ. ದ್ವೀಪದಲ್ಲೇ ನಿಮ್ಮಂಥ ಆಟಗಾರ ಇರಲಿಲ್ಲ ಅಂತಾರೆ. ಆ ಪಂದ್ಯ ಆದ್ಮೇಲೆ ಒಂದು ದಿನಾನೂ ಬಾಲ್ ಮುಟ್ಟಲಿಲ್ಲವಂತೆ. ಯಾಕೆ?"

ಗ್ರಾತ್ಸ್ಯು ಎದ್ದು ಹೋಗಿ ಕಪಾಟಿನ ಕಹಳೆಗಳನ್ನು ಒರೆಸತೊಡಗಿದ. ಅವು ಮೊದಲೇ ಹೊಳೆಯುತ್ತಿದ್ದವು. ರೆದೆಂತಾ ಅವನ ಬೆನ್ನನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತು ಹೊರಟಳು. ಈ ಮನುಷ್ಯ ಸುಳ್ಳು ಹೇಳುತ್ತಿಲ್ಲ, ಏನನ್ನೋ ಮುಚ್ಚಿಟ್ಟಿದ್ದಾನೆ ಎನ್ನಿಸಿ ಅವಳಿಗೆ ಕನಿಕರವೂ ಆಯಿತು, ಕುತೂಹಲವೂ ಇನ್ನಷ್ಟು ಹೆಚ್ಚಿತು.

ಎಡಕ್ಕೆ ಒಂದು ಗೇಣು. ಆ ಮಾತು ಅವಳ ತಲೆಯಲ್ಲಿ ಕೊರೆಯುತ್ತಿತ್ತು. ಹೆದರಿದವರು ತಪ್ಪುತ್ತಾರೆ, ಸರಿ. ಆದರೆ ಒಂಬತ್ತು ಜನ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ಹೆದರುವುದುಂಟೇ?

ಮಂಗಳವಾರ ಮಧ್ಯಾಹ್ನ ಅವಳು ಚರ್ಚಿನ ಪಕ್ಕದ ಅಂಗಳಕ್ಕೆ ಹೋದಳು. ದುನ್ ಸ್ಪಿರ್ ತಂಡವನ್ನು ಮೂರು ತಿಂಗಳು ತಯಾರು ಮಾಡಿದ್ದು ಅಲ್ಲೇ. ಗುಡ್ಡದ ನೆತ್ತಿ, ಕೆಳಗೆ ಸಮುದ್ರ, ವಾಯವ್ಯದಿಂದ ಮಜ್ಜಿಸ್ತ್ರಾಲ್ ಗಾಳಿ. ಅಂಗಳದ ಅರ್ಧಭಾಗವನ್ನು ಅಂದಿನಿಂದ ಇಂದಿನವರೆಗೂ ಹಬ್ಬದ ಸಾಮಾನು ನುಂಗಿದೆ: ಬಾವುಟದ ಕಂಬಗಳು, ಬೀದಿಯಲ್ಲಿ ನಿಲ್ಲಿಸುವ ಸಂತರ ಬೊಂಬೆಗಳು, ಅವುಗಳ ಪೀಠಗಳು, ಎಲ್ಲಕ್ಕೂ ಟಾರ್ಪಾಲು. ಸಂತರನ್ನು ಎತ್ತಿಡಿ ಎನ್ನುವ ಧೈರ್ಯ ಯಾರಿಗಿದೆ? ಆದ್ದರಿಂದ ಬುಟ್ಟಿ ಒಂದೇ, ಎಸೆಯುವುದೂ ಒಂದೇ ದಿಕ್ಕಿಗೆ.

ಮೂರ್ನಾಲ್ಕು ಹುಡುಗಿಯರು ಆಡುತ್ತಿದ್ದರು. ಎತ್ತರದವಳೊಬ್ಬಳು ಬಾಲನ್ನು ಬುಟ್ಟಿಯ ಎಡಕ್ಕೆ, ಬರಿ ಆಕಾಶಕ್ಕೆ ಎಸೆದಳು. ಅದು ದಾರಿಯಲ್ಲೇ ಬಲಕ್ಕೆ ವಾಲಿ ಬುಟ್ಟಿಯೊಳಗೆ ಬಿತ್ತು.

"ಆ ಕಡೆ ಯಾಕೆ ಎಸೀತೀಯ?" ಎಂದು ಕೇಳಿದಳು ರೆದೆಂತಾ. "ಬುಟ್ಟಿ ಈ ಕಡೆ ಇದೆಯಲ್ಲ."

"ಗಾಳಿ ತಗೊಂಡು ಬರುತ್ತಲ್ಲ ಮಿಸ್," ಎಂದಳು ಹುಡುಗಿ, ಇಷ್ಟೂ ಗೊತ್ತಿಲ್ಲವೇ ಎಂಬಂತೆ.

"ಗಾಳಿ ಇಲ್ಲದಿದ್ರೆ?"

"ಗಾಳಿ ಇಲ್ಲದೆ ಹೆಂಗಿರುತ್ತೆ?"

ರೆದೆಂತಾ ಅಲ್ಲೇ ಒಂದು ಪೀಠದ ಮೇಲೆ ಕುಕ್ಕರಿಸಿದಳು. ಆಮೇಲೆ ಎದ್ದು, ಹರೆಯದವಳ ಹಾಗೆ ಮೆಟ್ಟಿಲಿಳಿದು ಬ್ರೆಡ್ಡಿನಂಗಡಿಗೆ ಓಡಿದಳು.

"ಝಾರೆನ್ ಮಾಮ, ಆಗ ನೀವು ಎಲ್ಲಿ ಎಸೆದು ಕಲಿತಿದ್ದು? ಅಂಗಳದಲ್ಲಾ?"

"ಅಂಗಳಕ್ಕೆ ದಿನಾ ಬಿಡ್ತಿದ್ರಾ ನನ್ನ? ಯಾವಾಗ್ಲೋ ಒಂದ್ಸಲ ಬಿಟ್ರೆ ಹೆಚ್ಚು. ಬ್ರಿಟಿಷರ ವಿಮಾನದ ಶೆಡ್ಡಲ್ಲಿ ಸಾಮಾನು ಎಣಿಸೋ ಕೆಲಸ ಇತ್ತಲ್ಲ, ಅಲ್ಲೇ ಗೋಡೆಗೆ ಒಂದು ಕಬ್ಬಿಣದ ಬಳೆ ಹೊಡ್ಕೊಂಡಿದ್ದೆ. ಕೆಲಸ ಬಿಟ್ಮೇಲೆ ದಿನಾ ಎಸೀತಿದ್ದೆ. ಯಾಕೆ?"

"ಸುಮ್ಮನೆ," ಎಂದಳು ರೆದೆಂತಾ. ಹೇಳಿಬಿಡಲು ಅವಳ ನಾಲಿಗೆ ತುರಿಸುತ್ತಿತ್ತು. ಆದರೆ ಅವಳಿಗೆ ಗೊತ್ತಾಗಿದ್ದುದು ಇನ್ನೂ ಅರ್ಧ. ಬಾಕಿ ಅರ್ಧ ಗ್ರಾತ್ಸ್ಯುವಿನ ಕೈಯಲ್ಲಿತ್ತು.

ಗುರುವಾರ ಬೆಳಿಗ್ಗೆ, ಪುಸ್ತಕದ ಮುಖಪುಟಕ್ಕೆ ಫೋಟೋ ಬೇಕು ಎಂಬ ನೆಪ ಹೂಡಿ ಇಬ್ಬರನ್ನೂ ಅವಳು ತಾ ಆಲಿ ಎಂಬಲ್ಲಿನ ಒಳಾಂಗಣ ಕ್ರೀಡಾಂಗಣಕ್ಕೆ ಕರೆಸಿದಳು. ಇನ್ನೊಬ್ಬ ಬರುತ್ತಾನೆಂದು ಇಬ್ಬರಿಗೂ ಹೇಳಿರಲಿಲ್ಲ. ಫೋಟೋದವನು ಕ್ಯಾಮೆರಾ ಹಿಡಿದು ಕಾಯುತ್ತಿದ್ದ. ಗ್ರಾತ್ಸ್ಯು ಸೂಟು ತೊಟ್ಟು ಬಂದಿದ್ದ.

"ಇವನ್ಯಾಕೆ ಇಲ್ಲಿ?" ಎಂದ ಅವನು.

"ಬ್ರೆಡ್ಡು ಕೊಡೋಕೆ ಬಂದೆ," ಎಂದ ಝಾರೆನ್.

"ಮಾಮ, ಇಬ್ಬರೂ ಸುಮ್ಮನಿರಿ," ಎಂದು ರೆದೆಂತಾ ಗ್ರಾತ್ಸ್ಯುವಿನ ಕೈಗೆ ಬಾಲ್ ಕೊಟ್ಟಳು. "ಎಸೆಯೋ ಹಾಗೆ ಫೋಟೋ ಬರಲಿ. ಒಂದೇ ಒಂದು ಎಸೀರಿ."

"ಹಿಡ್ಕೊಂಡು ನಿಂತ್ರೆ ಸಾಲದಾ?"

"ಬಿಡಮ್ಮ, ಬಲವಂತ ಮಾಡಬೇಡ," ಎಂದ ಝಾರೆನ್. "ಇಲ್ಲೂ ಬುಟ್ಟಿ ಸೊಟ್ಟ ಇದ್ದೀತು."

ಅಷ್ಟು ಸಾಕಾಯಿತು. ಗ್ರಾತ್ಸ್ಯು ಕೋಟು ಬಿಚ್ಚಿ ಬೆಂಚಿಗೆ ಎಸೆದ. ಗೆರೆಯಿಂದ ಎರಡು ಹೆಜ್ಜೆ ಮುಂದೆ ನಿಂತು, ಮಂಡಿ ಬಗ್ಗಿಸಿ, ಬಾಲ್ ಬಿಟ್ಟ. ಎಂಬತ್ತರ ಕೈ ಎಂದು ಯಾರೂ ಹೇಳುವಂತಿರಲಿಲ್ಲ. ಬಾಲ್ ಸೊಗಸಾಗಿ ಏರಿ, ಬುಟ್ಟಿಯ ಎಡಕ್ಕೆ, ಒಂದು ಗೇಣು ಆಚೆ ಹೋಗಿ ಬಿತ್ತು.

"ಇನ್ನೊಂದು," ಎಂದ ಅವನು, ಯಾರೂ ಕೇಳದೆಯೇ. ಎಡಕ್ಕೆ. ಮತ್ತೊಂದು. ಎಡಕ್ಕೆ. ಐದನೆಯದೂ ಅಲ್ಲೇ ಬಿದ್ದಾಗ ಫೋಟೋದವನು ಕ್ಯಾಮೆರಾ ಇಳಿಸಿದ. ಗ್ರಾತ್ಸ್ಯುವಿನ ಮುಖದಲ್ಲಿ ರಕ್ತವಿರಲಿಲ್ಲ.

"ಮಾಮ, ಅದು ನಿಮ್ಮ ತಪ್ಪಲ್ಲ," ಎಂದಳು ರೆದೆಂತಾ. ಅವನ ಮುಖ ನೋಡಿ ಅವಳಿಗೆ ಈ ನಾಟಕ ಹೂಡಿದ್ದಕ್ಕೆ ನಾಚಿಕೆಯಾಗಿತ್ತು. "ಅದು ಗಾಳಿ. ನಿಮ್ಮ ಕೈ ಇನ್ನೂ ನಮ್ಮ ಅಂಗಳದ ಗಾಳಿಗೆ ಎಸೀತಿದೆ. ಇಲ್ಲಿ ಗಾಳಿ ಇಲ್ಲ. ಸಿಸಿಲಿಯ ಹಾಲ್‌ನಲ್ಲೂ ಇರಲಿಲ್ಲ. ಅದಕ್ಕೇ ನೀವು ಒಂಬತ್ತೂ ಜನ ಎಡಕ್ಕೆ ಎಸೆದಿರಿ. ಝಾರೆನ್ ಮಾಮ ಕಲಿತಿದ್ದು ಶೆಡ್ಡಿನೊಳಗೆ. ಊರಲ್ಲಿ ಗಾಳಿ ಅವರ ಬಾಲನ್ನ ಬಲಕ್ಕೆ ಒಯ್ತಿತ್ತು. ಅಲ್ಲಿ ನೆಟ್ಟಗೆ ಬಿತ್ತು."

ಗ್ರಾತ್ಸ್ಯು ಬೆಂಚಿನ ಮೇಲೆ ತನ್ನ ಕೋಟಿನ ಮೇಲೆಯೇ ಕೂತ.

"ಗಾಳಿ," ಎಂದ. ಆಮೇಲೆ, "ನಾನು ಹೆದರಿದೆ ಅಂದ್ಕೊಂಡಿದ್ದೆ. ಅಷ್ಟು ಜನ, ಅಷ್ಟು ದೀಪ. ಹೆದರಿ ಕೈ ಸೋತಿತು, ಕ್ಯಾಪ್ಟನ್ನೇ ಹೇಡಿ, ಅದಕ್ಕೇ ಸೋತ್ವಿ ಅಂತ. ಹೆಂಡ್ತಿಗೂ ಹೇಳಿರಲಿಲ್ಲ. ಅಯ್ಯೋ ಮಾತೆಯೇ, ಅವಳು ಹೋಗಿಯೂ ಆಯ್ತು." ಅವನು ಝಾರೆನ್ ಕಡೆ ತಿರುಗಿದ. "ನೀನಾದ್ರೂ ಹೇಳಬಾರದಿತ್ತೇನೋ?"

"ನನಗೇನು ಗೊತ್ತು?" ಎಂದ ಝಾರೆನ್. ಅವನ ದನಿಯಲ್ಲಿ ಗೆದ್ದವನ ಸೊಕ್ಕು ಇರಲಿಲ್ಲ. "ಅವತ್ತೊಂದು ದಿನ ಮಾತೆ ನನ್ನ ಮೇಲೆ ಕಣ್ಣಿಟ್ಟಳು, ಒಂದೇ ಒಂದು ದಿನ ನಾನು ದೊಡ್ಡ ಆಟಗಾರ ಆದೆ ಅಂದ್ಕೊಂಡಿದ್ದೆ. ಈಗ ನೋಡಿದ್ರೆ ಗಾಳಿ ಇರಲಿಲ್ಲ, ಅಷ್ಟೇ."

ರೆದೆಂತಾಳಿಗೆ ಒಬ್ಬನ ಭಾರ ಇಳಿಸಲು ಹೋಗಿ ಇನ್ನೊಬ್ಬನ ಪವಾಡ ಕಿತ್ತುಕೊಂಡೆನೇ ಎನ್ನಿಸಿತು. ಅವಳು ಸಹಿಗೆಂದು ಬರೆದು ತಂದಿದ್ದ ಸಾಕ್ಷಿಯ ಕಾಗದಗಳನ್ನು ಜೋಡಿಸತೊಡಗಿದಳು.

"ಅಷ್ಟೇ ಅಂತೆ," ಎಂದು ಗ್ರಾತ್ಸ್ಯು ಗದರಿದ. "ಸಿಸಿಲಿಯವರು ನಿನ್ನ ಮೇಲೆ ಇಬ್ಬಿಬ್ಬರನ್ನ ಬಿಟ್ಟಿದ್ರು. ಆ ಗಡ್ಡದವನು ನಿನ್ನ ಪಕ್ಕೆಗೆ ಗುದ್ದಿದ್ದು ನಾನು ನೋಡಿದೀನಿ. ಅದನ್ನೂ ಗಾಳಿಯೇ ತಡ್ಕೊಂಡಿತ್ತಾ? ಕೊಡಮ್ಮ ಆ ಕಾಗದ, ಸಹಿ ಹಾಕ್ತೀನಿ."

ಅವನು ಕನ್ನಡಕ ಹಾಕಿಕೊಂಡು ಓದಿದ. ಓದಿ, ಇಪ್ಪತ್ತಾರು ಎಂಬ ಸಂಖ್ಯೆಯನ್ನು ಪೆನ್ನಿನಿಂದ ಹೊಡೆದು ಹಾಕಿದ.

"ಯಾಕೋ?" ಎಂದು ಝಾರೆನ್ ಎದ್ದೇಬಿಟ್ಟ.

"ತಪ್ಪಿದೆ. ಇಪ್ಪತ್ತೆಂಟು. ಕೊನೇ ಸೀಟಿ ಊದಿದಾಗ ನಿನ್ನ ಬಾಲ್ ಗಾಳಿಯಲ್ಲಿತ್ತು. ಅದು ಲೆಕ್ಕಕ್ಕಿಲ್ಲ ಅಂತ ನೀನು ತಲೆ ತಗ್ಗಿಸಿ ಹೊರಟೆ. ಅದು ಬಿತ್ತು. ಅಂಕ ಬರೆಯೋ ಮೇಜಿನವನು ಬರ್ಕೊಂಡ. ನನ್ನನ್ನ ಹೊರಗೆ ಕೂರಿಸಿದ್ರಲ್ಲೋ, ಬೆಂಚಲ್ಲಿ ಕೂತು ನಿನ್ನದೊಂದೊಂದೂ ಎಣಿಸ್ತಿದ್ದೆ. ಹೊಟ್ಟೆ ಉರಿದವನ ಲೆಕ್ಕ ತಪ್ಪಲ್ಲ."

ಝಾರೆನ್‌ನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅವನು ಒರೆಸಿಕೊಳ್ಳಲೂ ಇಲ್ಲ.

"ಅಯ್ಯೋ ಮಾರಾಯ," ಎಂದ. "ಐವತ್ತು ವರ್ಷ ಸುಳ್ಳುಗಾರ ಅನ್ನಿಸ್ಕೊಂಡಿದ್ದು ಎರಡು ಕಡಿಮೆ ಹೇಳಿಯೇನೋ?"