ಹತ್ತು ಸೆಕೆಂಡಿಗೊಂದು ಚಿತ್ರ

ಗಂಗಾವತಿಯ ಯಂಕೋಬನಿಗೆ ನಾಚಿಕೆ ಎನ್ನುವುದು ಹದಿನೆಂಟು ದಿನ ತಡವಾಗಿ ಬಂತು. ಬಂದದ್ದಾದರೂ ಎಲ್ಲಿ? ಮನೆಯಲ್ಲಿ ಒಬ್ಬನೇ ಕೂತಾಗಲ್ಲ, ಭಾನುವಾರ ಮಧ್ಯಾಹ್ನ, ತುಂಬಿದ ಅಂಗಡಿಯಲ್ಲಿ.

ಅವನು ಸಣ್ಣ ಆಸಾಮಿಯೇನಲ್ಲ. 2001ರಲ್ಲಿ ಮೂರು ಕಂಪ್ಯೂಟರ್ ಇಟ್ಟುಕೊಂಡು ಸೈಬರ್ ಕೆಫೆ ತೆರೆದವನು. ಊರಿನ ಅರ್ಧ ಜನಕ್ಕೆ ಮೊದಲ ಇ-ಮೇಲ್ ವಿಳಾಸ ಮಾಡಿಕೊಟ್ಟವನು. ಪಿಯುಸಿ ಫಲಿತಾಂಶದ ದಿನ ಆನೆಗೊಂದಿ, ಮರಳಿ ಮುಂತಾದ ಹಳ್ಳಿಗಳಿಂದ ಬಂದವರೆಲ್ಲ ಅವನ ಬಾಗಿಲ ಮುಂದೆಯೇ ಸಾಲು ನಿಲ್ಲುತ್ತಿದ್ದರು. ಆಮೇಲೆ ಎಲ್ಲರ ಕೈಗೂ ಮೊಬೈಲ್ ಬಂತು, ಕೆಫೆ ಭಣಭಣ ಅನ್ನತೊಡಗಿತು. 2022ರಲ್ಲಿ ಯಂಕೋಬ ಹಳೆಯದನ್ನೆಲ್ಲ ಗುಜರಿಗೆ ಹಾಕಿ, ಎಂಟು ಭಾರೀ ಕಂಪ್ಯೂಟರ್ ಕೂಡಿಸಿ, ಹುಡುಗರು ದುಡ್ಡು ಕೊಟ್ಟು ಆನ್‌ಲೈನ್ ಆಟ ಆಡುವ ಗೇಮಿಂಗ್ ಸೆಂಟರ್ ಮಾಡಿದ.

ಕೂಡಿಸಿದ ಅಂದೆನಲ್ಲ, ಅದು ಸುಳ್ಳು. ಕೂಡಿಸಿದವಳು ಅನೀಸಾ. ಎದುರಿನ ಗಾದಿ ಅಂಗಡಿಯ ಮರ್ದಾನಸಾಬನ ಮಗಳು, ಡಿಪ್ಲೊಮಾ ಮುಗಿಸಿದ ಇಪ್ಪತ್ಮೂರರ ಹುಡುಗಿ. ಯಾವ ಪ್ರೊಸೆಸರಿಗೆ ಯಾವ ಬೋರ್ಡು, ಯಾವ ಗ್ರಾಫಿಕ್ಸ್ ಕಾರ್ಡಿಗೆ ಎಷ್ಟು ಪವರ್ರು ಎಂಬುದೆಲ್ಲ ಅವಳಿಗೆ ಬಾಯಿಪಾಠ. ಯಂಕೋಬನಿಗೆ ಇವು ಅಷ್ಟಾಗಿ ತಿಳಿಯುತ್ತಿರಲಿಲ್ಲ, ತಿಳಿಯುವುದಿಲ್ಲ ಎಂದು ಹೇಳಲು ಬಾಯಿಯೂ ಬರುತ್ತಿರಲಿಲ್ಲ. ಗಂಡುಹುಡುಗರು ತುಂಬಿದ ಅಂಗಡಿಗೆ ಮಗಳನ್ನು ಕಳಿಸಲು ಮರ್ದಾನಸಾಬ ಹಿಂದೆಮುಂದೆ ನೋಡಿದಾಗ ಯಂಕೋಬನೇ ಮನೆಗೆ ಹೋಗಿ, “ನನ್ನ ಮಗಳಿದ್ದಂಗ ಸಾಬಣ್ಣ. ಆಕಿ ಮ್ಯಾಲೆ ನನಗ ಪೂರಾ ನಂಬಿಗಿ ಐತಿ,” ಎಂದು ಚಹಾ ಕುಡಿದು ಬಂದಿದ್ದ.

ಮೊದಲ ಮೂರು ವಾರ ಯಂತ್ರಗಳು ನೀರು ಹರಿದಂತೆ ಓಡಿದವು. ಅವಳ ಕೆಲಸ ನೋಡಿ ಕುಷ್ಟಗಿಯ ಹೇಮಪ್ಪ ಎಂಬವನು, ಅಲ್ಲಿಯೂ ಇಂಥದೇ ಸೆಂಟರ್ ತೆರೆಯಲಿದ್ದವನು, ಹತ್ತು ಯಂತ್ರ ಕೂಡಿಸಿಕೊಡು ಎಂದು ಅನೀಸಾಗೆ ಮಾತು ಕೊಟ್ಟು ಹೋದ. ಅದು ಅವಳ ಸ್ವಂತದ ಮೊದಲ ಕೆಲಸ. ಆ ಸಂಜೆ ಮರ್ದಾನಸಾಬ ಬೀದಿಗೆಲ್ಲ ಪೇಢೆ ಹಂಚಿದ.

ಆಮೇಲೆ ಶುರುವಾಯಿತು ನೋಡಿ ಪೀಡೆ. ಆಟ ಓಡುತ್ತ ಓಡುತ್ತ ಗಕ್ಕನೆ ಮುಗ್ಗರಿಸುವುದು. ಈ ಆಟಗಳಲ್ಲಿ ಪರದೆಯ ಮೇಲೆ ಸೆಕೆಂಡಿಗೆ ನೂರಾ ನಲವತ್ತು ಚಿತ್ರ ಮೂಡಬೇಕು. ಹುಡುಗರು ಅದಕ್ಕೆ ಎಫ್‌ಪಿಎಸ್ ಅನ್ನುತ್ತಾರೆ. ಅದು ಇದ್ದಕ್ಕಿದ್ದಂತೆ ಇಪ್ಪತ್ತಕ್ಕೆ ಬಿದ್ದು ಮತ್ತೆ ಏಳುತ್ತಿತ್ತು. ಬಿದ್ದ ಆ ಒಂದು ಕ್ಷಣದಲ್ಲೇ ಎದುರಾಳಿ ಗುಂಡು ಹೊಡೆದು ಮುಗಿಸಿರುತ್ತಿದ್ದ. ದಿನಾ ಬರುವ ಗಾಳೇಶ ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟು, “ಕಾಕಾ, ಇದಕ್ಕಿಂತ ನನ್ನ ಮೊಬೈಲ್ ಛಲೋ ಓಡತೈತಿ,” ಎಂದ.

ಅನೀಸಾ ಹಟ ಹಿಡಿದಳು. ಒಂದೊಂದೇ ಯಂತ್ರ ಬಿಚ್ಚಿದಳು. ಊರ ರೈಸ್‌ಮಿಲ್ಲುಗಳ ಹೊಟ್ಟಿನ ದೂಳು ಫ್ಯಾನಿಗೆ ಕೂತಿದೆಯೇನೋ ಎಂದು ಬ್ಲೋವರ್ ಹಿಡಿದಳು. ಪ್ರೊಸೆಸರ್ ಕಾಯದಂತೆ ಹಚ್ಚುವ ಪೇಸ್ಟ್ ಒರೆಸಿ ಹೊಸದು ಹಚ್ಚಿದಳು. ಕಾರ್ಡಿನ ಡ್ರೈವರ್ ಸಾಫ್ಟ್‌ವೇರ್ ಹೊಸದು ಹಾಕಿ ನೋಡಿದಳು, ಹಳೆಯದಕ್ಕೆ ಮರಳಿ ನೋಡಿದಳು. ಇಂಟರ್ನೆಟ್ಟಿನ ತಪ್ಪೋ ಎಂದು ಅದನ್ನು ಕಿತ್ತು ಬರೀ ಅಭ್ಯಾಸದ ಆಟ ಆಡಿಸಿದರೂ ಅದೇ ಹಾಡು. ಏನೇನು ಮಾಡಿದೆ, ಏನಾಯಿತು ಎಂದೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು.

“ಎಂಟೂ ಯಂತ್ರದಾಗ ಒಂದ ಥರ ಆಗತೈತಿ ಅಂದ್ರ ಇದು ಬಿಡಿಭಾಗದ ತಪ್ಪಲ್ಲ ಕಾಕಾ,” ಎಂದಳು.

“ಎಂಟೂ ಕೂಡಿಸಿದಾಕಿ ಒಬ್ಬಾಕಿ ಅಲ್ಲೇನು?” ಎಂದ ಯಂಕೋಬ.

ಹುಡುಗರು ಕಿಸಕ್ಕನೆ ನಕ್ಕರು. ಅವನಿಗೂ ತನ್ನ ಮಾತು ಚೆನ್ನಾಗಿಯೇ ಬಂತು ಅನ್ನಿಸಿತು. ಅನೀಸಾ ಸ್ಕ್ರೂ ಡ್ರೈವರ್ ಕೆಳಗಿಟ್ಟು, ದುಪಟ್ಟಾ ಸರಿಮಾಡಿಕೊಂಡು, ಮತ್ತೆ ಎತ್ತಿಕೊಂಡಳು.

ಗುರುವಾರ ಮಧ್ಯಾಹ್ನ ಅವಳು ಅವನನ್ನು ಕರೆದು ಪರದೆ ತೋರಿಸಿದಳು. ಚಿತ್ರಗಳ ಲೆಕ್ಕವನ್ನು ಒಂದು ಗೆರೆಯಾಗಿ ಬಿಡಿಸಿದ್ದಳು. ಗೆರೆ ನೇರವಾಗಿ ಹೋಗಿ ಗಕ್ಕನೆ ಕೆಳಗಿಳಿದು ಏಳುತ್ತಿತ್ತು, ಮತ್ತೆ ಅಷ್ಟೇ ದೂರ ಹೋಗಿ ಇಳಿಯುತ್ತಿತ್ತು.

“ಅಳದು ನೋಡೀನಿ ಕಾಕಾ. ಬರೋಬ್ಬರಿ ಹತ್ತು ಸೆಕೆಂಡಿಗೊಮ್ಮಿ. ಕೆಟ್ಟ ಸಾಮಾನು ಹಿಂಗ ಟೈಮ್ ನೋಡಿ ಕೆಡಂಗಿಲ್ಲ. ಒಳಗ ಏನೋ ಕುಂತು ಕೆಲಸಾ ಮಾಡಾಕತ್ತೈತಿ. ಹೋದ ತಿಂಗಳ ಇಪ್ಪತ್ತನೇ ತಾರೀಖು ಬುಧವಾರದಿಂದ ಶುರುವಾಗೈತಿ ಇದು. ಆವತ್ತು ನೀವೇನರ ಹಾಕಿದ್ರೇನು?”

ಯಂಕೋಬ ಪರದೆಯಿಂದ ಕಣ್ಣು ತೆಗೆದ. ಹತ್ತು ಸೆಕೆಂಡು ಎಂದು ಬರೆದು ಬಟನ್ ಒತ್ತಿದ್ದು ಅವನದೇ ಬೆರಳು.

“ಇಲ್ಲವಾ. ನಾನ್ಯಾಕ ಹಾಕಲಿ?” ಎಂದ.

ಆಗಿದ್ದು ಇಷ್ಟು. ಪಕ್ಕದ ಚಹಾದಂಗಡಿಯ ಓಬಳೆಪ್ಪ ಒಂದು ದಿನ ಲೋಟ ತೊಳೆಯುತ್ತ, “ನಿಮ್ಮ ಹುಡಿಗಿ ಹುಡುಗರ ಕೂಡ ಭಾಳ ಮಾತಾಡ್ತಾಳಪ,” ಎಂದಿದ್ದ. ಅಷ್ಟೇ. ಅವನು ಅಂದು ಮರೆತ, ಇವನ ಕಿವಿಯಲ್ಲಿ ಅದು ಕೂತಿತು. ನಾಳೆ ಏನಾದರೂ ಆದರೆ ಅವರಪ್ಪನಿಗೆ ನಾನೇನು ಹೇಳಲಿ ಎಂದು ತನಗೆ ತಾನೇ ನೆಪ ಹೇಳಿಕೊಂಡ. ಸೈಬರ್ ಕೆಫೆಯ ಕಾಲದಲ್ಲಿ, ಯಾರು ಏನು ನೋಡುತ್ತಾರೆಂದು ಕದ್ದು ನೋಡಲು ಇಟ್ಟುಕೊಂಡಿದ್ದ ಒಂದು ಹಳೇ ಸಾಫ್ಟ್‌ವೇರ್ ಅವನ ಬಳಿ ಇತ್ತು. ಹತ್ತು ಸೆಕೆಂಡಿಗೊಮ್ಮೆ ಪರದೆಯ ಚಿತ್ರ ತೆಗೆದು ಗಲ್ಲಾ ಮೇಜಿನ ಮೇಲಿನ ಅವನ ಕಂಪ್ಯೂಟರಿಗೆ ಸದ್ದಿಲ್ಲದೆ ಕಳಿಸುತ್ತಿತ್ತು. ಅನೀಸಾ ಯಾವ ಯಂತ್ರದ ಮುಂದೆ ಕೂರುತ್ತಾಳೋ ಗೊತ್ತಾಗುವುದಿಲ್ಲವೆಂದು ಎಂಟಕ್ಕೂ ಹಾಕಿದ. ಅಂದಿನ ಕಾಲಕ್ಕೆ ಅದು ಯಾರಿಗೂ ತಿಳಿಯುತ್ತಿರಲಿಲ್ಲ. ಈಗಿನ ಆಟ ಅದಕ್ಕಾಗಿ ಪ್ರತಿ ಸಲ ತಡೆದು ನಿಲ್ಲುತ್ತದೆಂದು ಅವನಿಗೆ ಹೊಳೆದೇ ಇರಲಿಲ್ಲ.

ಸಂಜೆ ಅವಳು ಮನೆಗೆ ಹೋದ ಮೇಲೆ ಯಂಕೋಬ ಆ ಚಿತ್ರಗಳನ್ನು ತೆರೆದ. ಎರಡು ದಿನ ನೋಡಿ ಬೇಸರವಾಗಿ ಬಿಟ್ಟಿದ್ದ, ಅವು ಸಾವಿರಗಟ್ಟಲೆ ಕೂಡಿದ್ದವು. ಯಾವುದನ್ನು ಒತ್ತಿದರೂ ಅನೀಸಾ ಹುಡುಕುತ್ತಿದ್ದಳು. ಯಾರೋ ಹಿಂದಿಯಲ್ಲಿ ರಿಪೇರಿ ಹೇಳಿಕೊಡುವ ವಿಡಿಯೊ, ಯಾವುದೋ ದೇಶದವರ ಜೊತೆ ಅವಳ ಪ್ರಶ್ನೋತ್ತರ. “ನಾನೇ ಕೂಡಿಸಿದ್ದು, ನನ್ನದೇ ತಪ್ಪಿರಬಹುದೇ?” ಎಂದು ಅವರನ್ನು ಕೇಳಿದ್ದಳು. ಒಂದು ಚಿತ್ರದಲ್ಲಿ ಗೆಳತಿ ಕವಿತಾಗೆ ಬರೆದ ಸಂದೇಶವಿತ್ತು: ನನಗ ಈ ಕೆಲಸ ಬರೂದ ಇಲ್ಲೇನ ಅನಸಾಕತ್ತೈತಿ, ಅಬ್ಬಾಗ ಹೆಂಗ ಹೇಳಲಿ.

ಅದನ್ನು ಓದಿ ಯಂಕೋಬನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಹೇಸಿಗೆಯಾಗಿದ್ದು ನಿಜ. ಹೇಳಿಬಿಡುತ್ತೇನೆ ಎಂದುಕೊಂಡದ್ದೂ ನಿಜ. ಆದರೆ ಹೇಳುವುದು ಹೇಗೆ? ನಿನ್ನ ಮೇಲೆ ಕಣ್ಣಿಟ್ಟಿದ್ದೆ ಅನ್ನಬೇಕಲ್ಲ. ಚಿತ್ರಗಳನ್ನೆಲ್ಲ ಅಳಿಸಿದ. ಮರುದಿನ ಬೆಳಿಗ್ಗೆ ಆರಕ್ಕೇ ಬಂದು ಎಂಟೂ ಯಂತ್ರದಿಂದ ಆ ಸಾಫ್ಟ್‌ವೇರ್ ತೆಗೆದುಹಾಕಿದ.

ಹತ್ತಕ್ಕೆ ಅನೀಸಾ ಬಂದಾಗ ಗಾಳೇಶ ಆಡುತ್ತಿದ್ದ. ಆಟ ಎಣ್ಣೆ ಬಿಟ್ಟಂತೆ ಓಡುತ್ತಿತ್ತು. ಅವಳು ಹತ್ತು ನಿಮಿಷ ಅವನ ಬೆನ್ನ ಹಿಂದೆಯೇ ನಿಂತು ನೋಡಿದಳು. ಮುಖದ ತುಂಬ ನಗು.

“ಏನ್ ಮಾಡಿದ್ರಿ ಕಾಕಾ? ನನಗೂ ಹೇಳ್ರಿ, ಬರಕೋತೀನಿ.”

ಅವಳು ನೋಟ್‌ಬುಕ್ ತೆರೆದು ಪೆನ್ನು ಹಿಡಿದೇ ನಿಂತಿದ್ದಳು. ಹುಡುಗರೆಲ್ಲ ತಿರುಗಿ ನೋಡಿದರು. ಸುಮ್ಮನಿದ್ದರೂ ಆಗುತ್ತಿತ್ತು, ಅದೇನೋ ತಾನಾಗೇ ಸರಿಹೋಯಿತು ಅಂದಿದ್ದರೂ ನಡೆಯುತ್ತಿತ್ತು. ಈ ಮಹಾರಾಯ ಹೇಳಿದ್ದೇನು?

“ಗ್ರಾಫಿಕ್ಸ್ ಕಾರ್ಡಿನ ಪವರ್ ವೈರು ಪೂರಾ ಕುಂತಿರಲಿಲ್ಲ. ಎಂಟರಾಗೂ. ಒತ್ತಿ ಕುಂದ್ರಿಸೀನಿ. ಇನ್ನ ಮ್ಯಾಲೆ ಲಕ್ಷ್ಯ ಕೊಟ್ಟು ಮಾಡವಾ.”

“ನಾ ಮೂರು ಸಲ ತಗದು ಹಾಕಿದ್ನೆಲ್ಲ,” ಎಂದಳು ಅನೀಸಾ, ಮೆಲ್ಲಗೆ. ಗಾಳೇಶ, “ಏನಂದ್ರೂ ಹಳೇ ಕೈ ಹಳೇ ಕೈನ ಬಿಡ್ರಿ,” ಎಂದು ಚಹಾ ತರಿಸಿದ. ಯಂಕೋಬ ಆ ಚಹಾ ಕುಡಿದ. ಅವಳು ಪುಸ್ತಕದಲ್ಲಿ ಏನನ್ನೂ ಬರೆದುಕೊಳ್ಳದೆ ಒಂದನೇ ಯಂತ್ರದ ಮುಂದೆ ಕೂತು ಏನೇನೋ ತೆರೆದು ಓದತೊಡಗಿದಳು.

ಊರಲ್ಲಿ ಮಾತಿಗೆ ಕಾಲು ಬರಲು ಹೊತ್ತು ಬೇಕೇ? ಶನಿವಾರ ಕುಷ್ಟಗಿಯಿಂದ ಹೇಮಪ್ಪನ ಫೋನು ಯಂಕೋಬನಿಗೇ ಬಂತು. “ಆ ಹುಡಿಗಿ ವೈರು ಸೈತ ನೆಟ್ಟಗ ಹಾಕಂಗಿಲ್ಲಂತ, ಖರೇ ಏನ್ರಿ? ನಾ ಬಳ್ಳಾರಿಯವರಿಗೆ ಕೊಡ್ಲೇನು?” ಯಂಕೋಬ, “ನಿಮ್ಮ ಇಷ್ಟಾರಿ,” ಎಂದು ಫೋನ್ ಇಟ್ಟ. ಆ ಎರಡು ಶಬ್ದಕ್ಕೆ ಹುಡುಗಿಯ ಹತ್ತು ಯಂತ್ರ ಹೋದವು.

ಭಾನುವಾರ ಕೊಪ್ಪಳದ ಹುಡುಗರ ಜೊತೆ ಆನ್‌ಲೈನ್ ಪಂದ್ಯ. ಎಂಟು ಕುರ್ಚಿಯೂ ಭರ್ತಿ, ಹಿಂದೆ ನೋಡುವವರ ನೂಕುನುಗ್ಗಲು. ಎರಡು ಗಂಟೆಯ ಹೊತ್ತಿಗೆ ಮರ್ದಾನಸಾಬ ಬಂದ, ಬೆನ್ನ ಮೇಲೊಂದು ದೊಡ್ಡ ಗಂಟು. ಇಳಿಸಿ ಬಿಚ್ಚಿದರೆ ಹೊಸ ಹತ್ತಿಯ ಎಂಟು ಪುಟ್ಟ ಗಾದಿ, ಒಂದೇ ಅಳತೆಯವು, ನೀಲಿ ಬಟ್ಟೆಗೆ ಬಿಳಿ ಹೊಲಿಗೆ.

“ಕುರ್ಚಿಗೆ ಹಾಕ್ರಿ ಯಂಕೋಬಣ್ಣ,” ಎಂದ. “ನಿಮ್ಮ ಎಂಟು ಮಿಷಿನ್ ಕೆಡಿಸಿ ಗಿರಾಕಿ ಮುಂದ ನಿಮ್ಮ ಮಾನ ಕಳದಾಳ ನನ್ನ ಮಗಳು. ಸಣ್ಣಾಕಿ, ಹೊಟ್ಯಾಗ ಹಾಕ್ಕೊಳ್ರಿ. ಮತ್ತ ಕೆಲಸಾ ಬಿಡಸಬ್ಯಾಡ್ರಿ. ಮನ್ಯಾಗ ಎರಡು ದಿನ ಆತು, ಉಂಡಿಲ್ಲ.”

ಕೈ ಮುಗಿಯಲು ಹೋದ. ಅರವತ್ತು ದಾಟಿದ ಮನುಷ್ಯ, ಹುಬ್ಬಿನ ಮೇಲೆ ಇನ್ನೂ ಹತ್ತಿಯ ಎಳೆ. ಅನೀಸಾ ಮೂಲೆಯಲ್ಲಿ ನಿಂತು ಯಂಕೋಬನನ್ನೇ ನೋಡುತ್ತಿದ್ದಳು. ಅಳುತ್ತಿರಲಿಲ್ಲ.

ಯಂಕೋಬ ಅವನ ಎರಡೂ ಕೈ ಹಿಡಿದುಕೊಂಡ. “ಬ್ಯಾಡ ಸಾಬಣ್ಣ. ಆಕಿ ತಪ್ಪಲ್ಲ. ವೈರಿನ ಮಾತು ನಾ ಹೇಳಿದ ಸುಳ್ಳು. ಆಟ ಹಾಳಾಗಿದ್ದು ನನ್ನಿಂದ. ಹತ್ತು ಸೆಕೆಂಡಿಗೊಮ್ಮಿ ಪರದೇದ ಫೋಟೊ ತಗಿಯೋದೊಂದು ಕದ್ದು ಹಾಕಿದ್ನಿ. ಅನೀಸಾ ಏನ್ ಮಾಡ್ತಾಳ, ಯಾರ ಕೂಡ ಮಾತಾಡ್ತಾಳ ನೋಡಬೇಕಂತ.”

ಒಬ್ಬೊಬ್ಬರೇ ಹೆಡ್‌ಫೋನ್ ತೆಗೆದರು. ಮರ್ದಾನಸಾಬ ನಿಧಾನವಾಗಿ ಕೈ ಬಿಡಿಸಿಕೊಂಡ.

“ಏನ್ ಕಾಣ್ತು?” ಎಂದು ಕೇಳಿದ.

ಬೈದಿದ್ದರೆ, ಹೊಡೆದಿದ್ದರೆ ತಾಳಿಕೊಳ್ಳಬಹುದಿತ್ತು. ಈ ಪ್ರಶ್ನೆಯನ್ನು ಯಂಕೋಬನಿಗೆ ತಾಳಲಾಗಲಿಲ್ಲ. “ಕೆಲಸಾ ಮಾಡೋದ ಕಾಣ್ತು, ಸಾಬಣ್ಣ. ಬ್ಯಾರೆ ಏನೂ ಇಲ್ಲ.”

ಮುದುಕ ಮಗಳ ಕಡೆ ತಿರುಗಿದ. “ನಿನಗ ಗೊತ್ತಿತ್ತೇನವಾ?”

“ಶುಕ್ರವಾರ ಗೊತ್ತಾತು ಅಬ್ಬಾ. ಏನು ತಗದ್ರು, ಎಷ್ಟೊತ್ತಿಗೆ ತಗದ್ರು ಅಂತ ಮಿಷಿನ್ನ್ಯಾಗ ಬರದಿರತೈತಿ.”

“ಮತ್ತ ಹೇಳಲಿಲ್ಲ?”

“ಹೇಳಿದ್ರ ನೀವು ನನ್ನ ಮನ್ಯಾಗ ಕುಂದ್ರಸ್ತಿದ್ರಿ.”

ಅನೀಸಾ ಮೊಬೈಲ್ ತೆಗೆದು ಹೇಮಪ್ಪನ ನಂಬರ್ ಒತ್ತಿ, ಯಂಕೋಬನ ಕೈಗೆ ಕೊಟ್ಟಳು. “ಈಗ ಅಂದದ್ದನ್ನ ಹಂಗ ಹೇಳ್ರಿ.” ಅವನು ಎಲ್ಲರ ಮುಂದೆ ಮತ್ತೊಮ್ಮೆ ಮೊದಲಿನಿಂದ ಹೇಳಿದ. ಎರಡನೇ ಸಲ ಹೇಳುವುದು ಮೊದಲಿಗಿಂತ ಕಷ್ಟವಾಯಿತು. ಹೇಮಪ್ಪ ಆ ಕಡೆಯಿಂದ ಒಂದೇ ಮಾತು ಆಡಿದ: “ಆಕಿ ಕೈಯಾಗ ಕೊಡ್ರಿ.”

ಅನೀಸಾ ಫೋನ್ ಕಿವಿಗಿಟ್ಟುಕೊಂಡು ಕೇಳಿಸಿಕೊಂಡಳು. “ಮಾಡ್ತೀನಿ ಅಣ್ಣಾರ. ನಾಳಿ ಬರ್ತೀನಿ,” ಎಂದಳು. “ಆದ್ರ ಒಂದು ಮಾತು. ನಾ ಕೂಡಿಸಿ ಕೊಟ್ಟ ಮ್ಯಾಲೆ ನನಗ ಹೇಳದ ಅದರಾಗ ಏನೂ ಹಾಕಬಾರದು.” ಯಂಕೋಬ ಎರಡು ಗೇಣಿನ ದೂರದಲ್ಲಿ ನಿಂತು ಕೇಳಿದ.

ಅವಳು ನೋಟ್‌ಬುಕ್ ಚೀಲಕ್ಕೆ ಹಾಕಿಕೊಂಡಳು. ಅಪ್ಪ ಮಗಳು ಇಬ್ಬರೂ ಹೊರಟರು. ಗಾದಿಗಳನ್ನು ಮರ್ದಾನಸಾಬ ವಾಪಸ್ ಒಯ್ಯಲಿಲ್ಲ, ಕೊಟ್ಟದ್ದು ಕೊಟ್ಟದ್ದೇ ಎಂಬಂತೆ ನೆಲದ ಮೇಲೆ ಬಿಟ್ಟುಹೋದ.

ಇಷ್ಟಕ್ಕೆ ಮುಗಿಯಿತು, ಹೇಳಬೇಕಾದ್ದನ್ನು ಹೇಳಿಯಾಯಿತು ಎಂದು ಯಂಕೋಬ ಉಸಿರು ಬಿಟ್ಟ. ಅಷ್ಟರಲ್ಲಿ ಗಾಳೇಶ ಕೂತಲ್ಲಿಂದಲೇ ಕೇಳಿದ.

“ಕಾಕಾ, ಎಂಟಕ್ಕೂ ಹಾಕಿದ್ರ್ಯಾ?”

“ಹೂಂ.”

“ಅಂದ್ರ ನಾವು ಕುಂತಾಗಿನ ಫೋಟೊನೂ ಬಂದಿರತಾವು.”

ಎಂಟು ಹುಡುಗರೂ ಅವನನ್ನೇ ನೋಡುತ್ತಿದ್ದರು. ಅದರಲ್ಲಿ ನಾಲ್ವರಿಗೆ ಶಾಲೆಯ ಅರ್ಜಿ ತುಂಬಿಕೊಟ್ಟವನು ಅವನೇ. ಚಿತ್ರ ಅಳಿಸಿದ್ದೇನೆ ಎಂದು ಹೇಳಲು ಬಾಯಿ ತೆರೆದ, ಅಳಿಸುವ ಮೊದಲು ನೋಡಿದ್ದೇನಲ್ಲ ಅನ್ನಿಸಿತು.

“ಬಂದಿದ್ವು,” ಎಂದ.

ಗಾಳೇಶ ಆಟ ನಿಲ್ಲಿಸಿ, ತನ್ನ ಖಾತೆಯಿಂದ ಹೊರಬಂದು, ಕುರ್ಚಿ ಹಿಂದೆ ಸರಿಸಿ ಎದ್ದ. ಪಂದ್ಯ ಇನ್ನೂ ಅರ್ಧವಿತ್ತು. ಕೊಪ್ಪಳದ ಹುಡುಗನೊಬ್ಬ ಹೆಡ್‌ಫೋನಿನೊಳಗಿಂದ ಎಲ್ಲಿ ಹೋದ್ರಲೇ ಎಂದು ಕೂಗುತ್ತಿದ್ದ. ಉಳಿದವರು ಒಬ್ಬರ ಹಿಂದೊಬ್ಬರು ಎದ್ದು, ನೆಲದ ಮೇಲಿನ ಗಾದಿಗಳನ್ನು ತುಳಿಯದಂತೆ ದಾಟಿಕೊಂಡು, ಯಂಕೋಬನ ಮುಖ ನೋಡದೆ ಚಪ್ಪಲಿ ಮೆಟ್ಟಿದರು.