ಕರೀಕಾಯಿಯ ಪಿಳ್ಳಪ್ಪ

ಪಿಳ್ಳಪ್ಪನಿಗೆ ಕರೀಕಾಯಿ ಎಂದರೆ ಪ್ರಾಣ ಎಂದು ಅಟ್ಟೂರಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಸಂಜೆ ಅಣ್ಣತಮ್ಮಂದಿರು ಜಗಲಿಯ ಮೇಲೆ ಚದುರಂಗದ ಹಲಗೆ ಇಟ್ಟರೆ ಬಿಳೀಕಾಯಿ ಅಣ್ಣ ದೊಡ್ಡಮುನಿಯಪ್ಪನ ಕಡೆ, ಕರೀಕಾಯಿ ತಮ್ಮನ ಕಡೆ. ಇಬ್ಬರಿಗೂ ಮೀಸೆ ಬರುವ ಮುಂಚಿನಿಂದ ಇದು ಹೀಗೇ ನಡೆದುಬಂದಿತ್ತು.

ಆ ಹಲಗೆ ಯುದ್ಧದ ಕಾಲದ್ದು. ಅವರ ಅಪ್ಪ ಮುನಿವೆಂಕಟಯ್ಯ ಯಲಹಂಕದ ಸೋಲ್ಜರುಗಳ ಬಿಡಾರಕ್ಕೆ ಹಾಲು ಹಾಕುತ್ತಿದ್ದ. ಅವರು ಗಂಟುಮೂಟೆ ಕಟ್ಟಿಕೊಂಡು ಹೊರಟಾಗ ಒಬ್ಬ ಇಂಗ್ಲಿಷ್ ದೊರೆ ಇದನ್ನು ಅವನ ಕೈಗೆ ಕೊಟ್ಟು, ಆಟವನ್ನು ಕೈಸನ್ನೆಯಲ್ಲೇ ಕಲಿಸಿ ಹೋಗಿದ್ದ. ಅಪ್ಪ ಅದನ್ನು ಮಕ್ಕಳಿಗೆ ಕಲಿಸಿದ. ಅದರಲ್ಲಿ ದೊಡ್ಡಮುನಿಯಪ್ಪನ ತಲೆಯಲ್ಲಿ ಗಟ್ಟಿಯಾಗಿ ಕೂತದ್ದು ಒಂದೇ ಮಾತು.

"ಬಿಳೀದು ಮೊದ್ಲು ನಡೀಬೇಕು, ಅದು ದೊರೆಗಳ ರೂಲು. ದೊಡ್ಡೋನು ನಾನು. ಅದ್ಕೇ ಬಿಳೀದು ನಂದು."

ಪಿಳ್ಳಪ್ಪ ಒಂದು ಸಲ ಕೇಳಿದ್ದ. "ಇವತ್ತೊಂದಿನ ನಂಗೂ ಬಿಳೀದು ಕೊಡಣ್ಣ."

"ನಿನ್ ಮಕಕ್ಕೆ ಬಿಳೀದಾ? ಕನ್ನಡಿ ನೋಡ್ಕೊಂಡ್ ಬಾರ್ಲಾ ಕರಿಯಾ!"

ಅಪ್ಪ ನಕ್ಕ. ಒಳಗೆ ರೊಟ್ಟಿ ತಟ್ಟುತ್ತಿದ್ದ ಅವ್ವನೂ ನಕ್ಕಳು. ಪಿಳ್ಳಪ್ಪನೂ ನಗಬೇಕಾಯಿತು. ಆಮೇಲೆ ಅವನು ಕೇಳಲಿಲ್ಲ.

ಕೇಳದೆ ಇದ್ದವನು ಕಾಯುವುದನ್ನು ಕಲಿತ. ಮೊದಲು ನಡೆಸುವವನು ತನ್ನ ಮನಸ್ಸಿನಲ್ಲಿ ಇರುವುದನ್ನು ಮೊದಲು ತೋರಿಸಿಬಿಡುತ್ತಾನೆ ಎಂಬುದು ಅವನಿಗೆ ಬೇಗನೆ ಹೊಳೆಯಿತು. ಅಣ್ಣ ಆನೆ ನುಗ್ಗಿಸುತ್ತಿದ್ದ, ಕುದುರೆ ಹಾರಿಸುತ್ತಿದ್ದ, ತೊಡೆ ತಟ್ಟುತ್ತಿದ್ದ. ತಮ್ಮ ಮೊಣಕಾಲಿಗೆ ಗದ್ದ ಊರಿಕೊಂಡು ಸುಮ್ಮನೆ ನೋಡುತ್ತಿದ್ದ. ಅಣ್ಣ ಎಡವುವ ಗಳಿಗೆ ಬಂದೇ ಬರುತ್ತಿತ್ತು. ಮೂರಕ್ಕೆ ಎರಡು ಆಟ ಪಿಳ್ಳಪ್ಪನದೇ. ಒಂದು ಸಲ ಸೋತ ಸಿಟ್ಟಿನಲ್ಲಿ ದೊಡ್ಡಮುನಿಯಪ್ಪ ಒಂದು ಕರೀ ಕಾಲಾಳನ್ನು ತಿಪ್ಪೆಯ ಕಡೆ ಬೀಸಿ ಎಸೆದ. ಹುಡುಕಿದರೂ ಸಿಗಲಿಲ್ಲ. ಪಿಳ್ಳಪ್ಪ ಅದರ ಜಾಗದಲ್ಲಿ ಒಂದು ಹುಣಸೆಬೀಜ ಇಟ್ಟುಕೊಂಡು ಆಟ ಮುಂದುವರಿಸಿದ. ಆ ಬೀಜ ಬೆರಳು ತಾಕಿ ತಾಕಿ ಈಗ ನುಣ್ಣಗಾಗಿತ್ತು.

ಹೀಗೆ ಕರೀಕಾಯಿ ಅವನಿಗೆ ಒಗ್ಗಿತೋ, ಅವನೇ ಅದಕ್ಕೆ ಒಗ್ಗಿಹೋದನೋ ಅವನಿಗೂ ತಿಳಿಯದು. "ನಂಗೆ ಕರೀದೇ ವಾಸಿ" ಎಂದು ತಾನೂ ಹೇಳತೊಡಗಿದ. ಹೇಳುವಾಗ ಸ್ವಲ್ಪ ಜಂಬವೂ ಇರುತ್ತಿತ್ತು.

ಆಟದ ಹೊರಗೆ ಅವನು ತಾನಾಗಿ ಮುಂದೆ ಬಿದ್ದು ಮಾಡಿದ್ದು ಒಂದೇ ಒಂದು ಕೆಲಸ, ದ್ರಾಕ್ಷಿ ತೋಟ. ಹೆಬ್ಬಾಳದ ಸರ್ಕಾರಿ ಫಾರಮ್ಮಿಗೆ ಹೋಗಿ ನೆಡಲು ಬಳ್ಳಿಯ ಕಡ್ಡಿ ತಂದ. ಕೆರೆಯ ಕೆಳಗಿನ ಜಮೀನಿನಲ್ಲಿ ಗುಂಡಿ ತೋಡಿದ. ಕಲ್ಲುಕಂಬ ನೆಟ್ಟು, ತಂತಿ ಎಳೆದು, ಚಪ್ಪರ ಹಾಕಿದ. "ಹುಳಿಕಾಯಿ ಯಾವನ್ ತಿಂತಾನೆ?" ಎಂದು ಊರವರು ಆಡಿಕೊಂಡರು. ಮೂರನೆಯ ವರ್ಷ ಚಪ್ಪರದ ಅಡಿಯಲ್ಲಿ ಬಗ್ಗಿ ನಡೆಯದಿದ್ದರೆ ಕಪ್ಪು ಗೊಂಚಲು ತಲೆಗೆ ಬಡಿಯುವಂತಾಯಿತು. ಆ ತೋಟದಲ್ಲಿ ಅಣ್ಣ ಒಂದು ದಿನವೂ ಬಗ್ಗಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ವಾರಗಿತ್ತಿಯರಿಗೆ ಒಂದೇ ಒಲೆ ಸಾಲದೆ ಹೋಯಿತು. ಮಾತು ಬೆಳೆದು ಪಾಲಿನವರೆಗೂ ಬಂತು. ಚಿಕ್ಕಬಾಣಾವರದಿಂದ ಸೋದರಮಾವ ಬ್ಯಾಟರಾಯಪ್ಪ ಬಂದು ಕೂತ. ಆ ಕಡೆಯ ಒಕ್ಕಲು ಮನೆಗಳಲ್ಲಿ ಹಿಂದಿನಿಂದ ಒಂದು ಕಟ್ಟು ಇತ್ತು. ಪಾಲು ಮಾಡುವುದು ಹಿರಿಯವನು, ಮೊದಲು ಆರಿಸಿಕೊಳ್ಳುವುದು ಕಿರಿಯವನು. ಮಾಡುವವನಿಗೆ ಕೊನೆಗೆ ಉಳಿದದ್ದು ಎಂದಾದರೆ ಅವನು ಮೋಸ ಮಾಡಲಾರ ಎಂಬ ಲೆಕ್ಕ. ಎರಡು ವೀಳ್ಯದೆಲೆಯ ಮೇಲೆ ಎರಡು ಜಮೀನಿನ ಮಣ್ಣು ಇಡುತ್ತಾರೆ. ಯಾವ ಎಲೆ ಎತ್ತಿಕೊಂಡರೆ ಆ ಪಾಲು ಅವನದು. ಎತ್ತಿದ ಮೇಲೆ ಮಾತಿಲ್ಲ.

ಆ ಬೆಳಿಗ್ಗೆ ಪಿಳ್ಳಪ್ಪನ ಹೆಂಡತಿ ಗಂಗರತ್ನಮ್ಮ ಅವನ ತಲೆಗೆ ನೀರು ಹುಯ್ಯುತ್ತಾ ಹೇಳಿದಳು. "ನಿಮ್ಮ ಜಲ್ಮಕ್ಕೆ ಮೊದ್ಲನೇ ಸಲ ನಿಮ್ ಕೈಗೆ ಬಂದದೆ. ಓಗಿ ತೋಟದ ಎಲೆ ಎತ್ಕೊಳ್ಳಿ. ಇನ್ನೇನೂ ಮಾತಾಡ್ಬೇಡಿ, ನಿಮ್ ದಮ್ಮಯ್ಯ."

"ಎತ್ಕೊಳ್ದೆ ಇರ್ತೀನಾ?" ಎಂದ ಪಿಳ್ಳಪ್ಪ.

ನಡುಮನೆಯಲ್ಲಿ ಚಾಪೆ ಹಾಸಿತ್ತು. ದೊಡ್ಡಮುನಿಯಪ್ಪ ಎರಡು ಎಲೆ ಇಟ್ಟ. ಒಂದರ ಮೇಲೆ ತೋಟದ ಕಪ್ಪು ಮಣ್ಣು. ಅದರ ಜೊತೆಗೆ ಬಾವಿ. ಇನ್ನೊಂದರ ಮೇಲೆ ರೈಲು ಹಳಿಯ ಪಕ್ಕದ ರಾಗಿ ಹೊಲದ ಕೆಂಪು ಮಣ್ಣು. ಅದರ ಜೊತೆಗೆ ಕೊಟ್ಟಿಗೆ. ಹೊಲ ವಿಸ್ತಾರದಲ್ಲಿ ದೊಡ್ಡದು, ಅಷ್ಟೇ.

"ಎತ್ಕೊಳಪ್ಪಾ ಪಿಳ್ಳಪ್ಪ," ಎಂದ ಬ್ಯಾಟರಾಯಪ್ಪ.

ಎಲ್ಲರೂ ತನ್ನ ಕೈಯನ್ನೇ ನೋಡುತ್ತಿದ್ದಾರೆ ಎಂದು ಪಿಳ್ಳಪ್ಪನಿಗೆ ಅನ್ನಿಸಿತು. ಕೈ ಮಂಡಿಯ ಮೇಲಿಂದ ಏಳಲಿಲ್ಲ. ತೋಟದ ಎಲೆಗೆ ನೆಟ್ಟಗೆ ಕೈ ಹಾಕಿದರೆ, ಇದಕ್ಕೇ ಕಾದಿದ್ದ ಎಂದು ನಾಲ್ಕು ಜನ ಅನ್ನುತ್ತಾರೆ. ಅದರ ಬದಲು ಅಣ್ಣನನ್ನೇ ಮುಂದೆ ಬಿಟ್ಟರೆ? ಮಾವ ಎದುರಿಗೆ ಕೂತಿದ್ದಾನೆ. ತೋಟ ಯಾರ ಬೆವರು ಎಂದು ಊರಿಗೇ ಗೊತ್ತು. ಇಷ್ಟು ಜನರ ಮುಂದೆ ಅಣ್ಣ ಆ ಎಲೆ ಮುಟ್ಟಲಾರ. ಹೊಲದ ಎಲೆ ಎತ್ತಲೇಬೇಕು. ಆಗ ತೋಟವೂ ಬರುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಅಣ್ಣನ ನಡೆ ತನಗೆ ತಿಳಿಯದ್ದೇ?

"ನೀನೇ ಮೊದ್ಲು ತಕೊ ಅಣ್ಣ," ಎಂದ ಪಿಳ್ಳಪ್ಪ.

ಬಾಗಿಲ ಹಿಂದೆ ಗಂಗರತ್ನಮ್ಮನ ಬಳೆ ಸದ್ದಾಯಿತು.

"ಯೋಚ್ನೆ ಮಾಡಿ ಏಳ್ತಿದ್ದೀಯೇನಪ್ಪಾ?" ಎಂದ ಬ್ಯಾಟರಾಯಪ್ಪ. "ಬುಟ್ಕೊಟ್ಟ ಮೇಲೆ ಬುಟ್ಕೊಟ್ಟಂಗೇ."

"ದೊಡ್ಡೋನು ಅವ್ನು. ಅವ್ನೇ ತಕೊಳ್ಳಿ ಮಾವ."

ದೊಡ್ಡಮುನಿಯಪ್ಪ ತಮ್ಮನ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ ಬಗ್ಗಿ ತೋಟದ ಎಲೆ ಎತ್ತಿಕೊಂಡ. ಅವಸರ ಪಡಲಿಲ್ಲ, ಹಿಂಜರಿಯಲೂ ಇಲ್ಲ. ಮಣ್ಣು ಚೆಲ್ಲದಂತೆ ಎಲೆಯನ್ನು ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡ.

ಪಿಳ್ಳಪ್ಪ ಉಳಿದ ಎಲೆ ಎತ್ತಿದ. ಕೆಂಪು ಮಣ್ಣು ಒಣಗಿ ಹುಡಿಯಾಗಿತ್ತು. ಅರ್ಧ ಚಾಪೆಯ ಮೇಲೇ ಉದುರಿತು.

ಗಂಗರತ್ನಮ್ಮ ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ತಟ್ಟೆಗೆ ಮುದ್ದೆ ಇಟ್ಟಳು, ಸಾರು ಬಿಟ್ಟಳು, ಸರಿದು ಕೂತಳು. ಮರುದಿನವೂ ಹಾಗೆಯೇ. ಮನೆಯ ನಡುವೆ ಇನ್ನೂ ಗೋಡೆ ಎದ್ದಿರಲಿಲ್ಲ. ಆದರೆ ಅವನು ಹೋದ ಕಡೆಯಲ್ಲೆಲ್ಲ ಒಂದು ಗೋಡೆ ಇರುತ್ತಿತ್ತು. ತೋಟದ ದಾರಿ ಬಿಟ್ಟು ಕೆರೆ ಏರಿ ಸುತ್ತಿ ಹೊಲಕ್ಕೆ ಹೋಗುವುದನ್ನು ರೂಢಿ ಮಾಡಿಕೊಂಡ.

ಹದಿನೈದು ದಿನ ಕಳೆದಿರಬಹುದು. ಒಂದು ಸಂಜೆ ದೊಡ್ಡಮುನಿಯಪ್ಪ ಏನೂ ನಡೆದೇ ಇಲ್ಲ ಎಂಬಂತೆ ಜಗಲಿಗೆ ಹಲಗೆ ತಂದಿಟ್ಟ.

"ಬಾರ್ಲಾ ಪಿಳ್ಳಾ, ಒಂದಾಟ ಆಗ್ಲಿ. ಪಾಲಾದ್ರೆ ಆಟಾನೂ ಪಾಲಾಯ್ತದಾ?"

ಪಿಳ್ಳಪ್ಪ ಹೋಗಿ ಕೂತ. ಕರೀಕಾಯಿ ಅವನ ಮುಂದೆ ಸಾಲಾಗಿ ನಿಂತಿದ್ದವು, ಹುಣಸೆಬೀಜವೂ ಸೇರಿ. ಅವನು ಎರಡೂ ಕೈಯಿಂದ ಹಲಗೆಯನ್ನು ಹಿಡಿದು, ಕಾಯಿ ಅಲುಗದಂತೆ ಮೆಲ್ಲಗೆ ತಿರುಗಿಸಿದ.

"ಏನ್ಲಾ ಇದು?"

"ಇವತ್ತು ಬಿಳೀದು ನಂಗೆ."

"ತಕೊ. ಅದ್ಕೇನಂತೆ?" ದೊಡ್ಡಮುನಿಯಪ್ಪ ಬೀಡಿ ಹಚ್ಚಿದ. "ಕೇಳಿದ್ರೆ ಯಾವತ್ತೋ ಕೊಡ್ತಿರ್ಲಿಲ್ವಾ? ನೀನೇ ಕರೀದೇ ವಾಸಿ ಅಂತಿದ್ದೆ."

ಪಿಳ್ಳಪ್ಪ ಅಣ್ಣನ ಮುಖ ನೋಡಿದ. ಸುಳ್ಳು ಹೇಳುವವನ ಮುಖವಲ್ಲ ಅದು. ಮರೆತವನ ಮುಖ.

"ತೋಟಾನೂ ಅಂಗೇ," ಎಂದ ದೊಡ್ಡಮುನಿಯಪ್ಪ, ಹೊಗೆ ಬಿಡುತ್ತಾ. "ನೀನೇ ತಕೊತೀಯ ಅಂತ್ಲೇ ಅದನ್ನ ಒಂದ್ ಪಾಲು ಮಾಡಿ ಇಕ್ಕಿದ್ದೆ. ಬಾವಿ ಸೇರ್ಸಿದ್ದೂ ಅದ್ಕೇ. ನೀನು ನೋಡಿದ್ರೆ ಬುಟ್ಕೊಟ್ಟೆ. ದುಡಿದು ಬೇಜಾರಾಗಿರ್ಬೇಕು ನನ್ ತಮ್ಮಂಗೆ ಅಂದ್ಕೊಂಡೆ."

ಇದು ನಿಜವೋ, ಈ ಹದಿನೈದು ದಿನಗಳಲ್ಲಿ ಅಣ್ಣ ಹೆಣೆದುಕೊಂಡ ಮಾತೋ? ಸುಳ್ಳಾಗಿದ್ದರೆ ಅಣ್ಣನನ್ನು ಬೈದುಕೊಂಡು ಬದುಕಬಹುದು. ನಿಜವಾಗಿದ್ದರೆ ಬೈಯಲು ಯಾರೂ ಉಳಿಯುವುದಿಲ್ಲ. ಕೇಳಿ ತಿಳಿದುಕೊಳ್ಳುವ ಧೈರ್ಯ ಪಿಳ್ಳಪ್ಪನಿಗೆ ಬರಲಿಲ್ಲ.

"ನಡ್ಸು," ಎಂದ ಅಣ್ಣ.

ಪಿಳ್ಳಪ್ಪ ಬಿಳೀ ಸಾಲಿನ ಮೇಲೆ ಕೈ ಎತ್ತಿ ಹಿಡಿದ. ಎದುರಿಗೆ ಕರೀಕಾಯಿ ಒಂದೂ ಕದಲದೆ ನಿಂತಿದ್ದವು. ಉತ್ತರ ಕೊಡೋಣವೆಂದರೆ ಅಣ್ಣನ ನಡೆಯೇ ಇನ್ನೂ ಇರಲಿಲ್ಲ. ಯಾವ ಕಾಯಿ ನೋಡಿದರೂ ಅದನ್ನೇ ಏಕೆ ನಡೆಸಬೇಕು ಎಂಬುದು ಹೊಳೆಯಲಿಲ್ಲ. ಇಷ್ಟು ವರ್ಷ ಕಾದಿದ್ದ ಜಾಗದಲ್ಲಿ ಕೂತು ತನಗೆ ಏನು ಬೇಕು ಎಂದು ಅವನಿಗೆ ತಿಳಿಯಲಿಲ್ಲ. ಕೊನೆಗೆ ರಾಜನ ಮುಂದಿನ ಕಾಲಾಳನ್ನು ದೂಡಿದ. ಅಣ್ಣ ಯಾವಾಗಲೂ ಮೊದಲು ದೂಡುತ್ತಿದ್ದದ್ದು ಅದನ್ನೇ.

ದೊಡ್ಡಮುನಿಯಪ್ಪ ತನ್ನ ಕಡೆಯ ಹುಣಸೆಬೀಜವನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ.

"ಇದ್ಯಾವನ್ಲಾ ಇವ್ನು? ಇಷ್ಟು ವರ್ಷ ಇದನ್ನ ಇಟ್ಕೊಂಡು ಎಂಗ್ಲಾ ಆಡ್ತಿದ್ದೆ? ಕಾಲಾಳು ಎಲ್ಲಿ ಕಳ್ದೆ?"

ಪಿಳ್ಳಪ್ಪ ತಿಪ್ಪೆಯ ಕಡೆ ನೋಡಿದ.

ಅಣ್ಣ ನಕ್ಕು ಬೀಜವನ್ನು ಒಂದು ಮನೆ ಮುಂದಿಟ್ಟ. "ಅಂದಂಗೆ, ನಾಳೆ ಒತ್ತಾರೆ ತೋಟದ ತಾವ ಬಾ. ಕೊಂಬೆ ಕತ್ತರ್ಸೋ ಕಾಲ ಬಂತಂತೆ. ಯಾವ್ದು ಬುಡ್ಬೇಕು, ಯಾವ್ದು ಕಡೀಬೇಕು, ನಂಗೇನ್ ಗೊತ್ತು? ನೀನೇ ತೋರ್ಸು."

"ಬತ್ತೀನಿ," ಎಂದುಬಿಟ್ಟ ಪಿಳ್ಳಪ್ಪ.

ಒಳಗೆ ಗಂಗರತ್ನಮ್ಮ ಪಾತ್ರೆ ತಿಕ್ಕುತ್ತಿದ್ದ ಸದ್ದು ನಿಂತಿತು. ಅವನು ಅದು ಮತ್ತೆ ಶುರುವಾಗುವುದನ್ನು ಕಾಯುತ್ತಾ ಹಲಗೆಯನ್ನೇ ನೋಡುತ್ತಾ ಕೂತ. ಅದು ಶುರುವಾಗಲಿಲ್ಲ.