ಕಾಲರಿನಲ್ಲಿ ಹೊಲಿದ ಹೆಸರು

ಅಲಬಾಮಾ ರಾಜ್ಯದಲ್ಲಿ ನನಗಿಂತ ದೊಡ್ಡ ಬಾಯಿ ಇನ್ನೊಂದಿಲ್ಲ. ಬರ್ಮಿಂಗ್‌ಹ್ಯಾಮಿನ ಉಕ್ಕಿನ ಕುಲುಮೆಗಳು ಆರಿಹೋದ ಮೇಲೂ ಊರು ಬೆಚ್ಚಗಿರುವುದು ಈ ಲೆಮ್‌ನ, ಅಂದರೆ ನನ್ನ, ಉಸಿರಿನಿಂದ ಎಂದು ಹೇಳುವವರಿದ್ದಾರೆ. ಮೊದಲು ಹೇಳಿದವನು ನಾನೇ. ವ್ಯಾನಿನಲ್ಲಿ ಪ್ರವಾಸಿಗಳನ್ನು ಕೂರಿಸಿಕೊಂಡು, ನಮ್ಮ ಕರಿಯ ಜನ ಹಕ್ಕು ಕೇಳಿ ಒದೆ ತಿಂದ ಜಾಗಗಳನ್ನು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ತೋರಿಸುವುದು ನನ್ನ ಕಸುಬು. ಸಾವಿರದ ಒಂಬೈನೂರ ಅರವತ್ತಮೂರರಲ್ಲಿ ಮೆರವಣಿಗೆಯ ಮಕ್ಕಳ ಮೇಲೆ ಬಿಟ್ಟ ಪೊಲೀಸ್ ನಾಯಿಗಳು ನನ್ನ ಬಾಯಲ್ಲಿ ಕುದುರೆಯಷ್ಟು ಎತ್ತರ. ಫೈರ್ ಇಂಜಿನ್ನಿನ ನೀರಿನ ಏಟಿಗೆ ಹಾರಿದ ಒಬ್ಬ ಹುಡುಗ ಪಕ್ಕದ ಜಿಲ್ಲೆಯಲ್ಲಿ ಬಿದ್ದು ಅಲ್ಲೇ ಮದುವೆಯಾಗಿ ನೆಲೆಸಿದ. ಆಗಿನ್ನೂ ನಾನು ಹುಟ್ಟಿಯೇ ಇರಲಿಲ್ಲ. ಆದರೂ ಎಲ್ಲವನ್ನೂ ಕಣ್ಣಾರೆ ಕಂಡಿದ್ದೇನೆ.

ನನ್ನ ದೊಡ್ಡಮ್ಮ ಒಜೆಲಾಳ ಕಥೆಗೆ ಮಾತ್ರ ನಾನು ಒಗ್ಗರಣೆ ಹಾಕಬೇಕಾಗಿರಲಿಲ್ಲ. ಆಗ ಅವಳಿಗೆ ಹದಿಮೂರು. ಅವಳ ತಾಯಿ, ಅಂದರೆ ನನ್ನಜ್ಜಿ ಪರ್ಲಿ, ಗುಡ್ಡದ ಮೇಲಿನ ಹ್ಯಾಸ್ಕಿನ್ಸ್ ಎಂಬ ಬಿಳಿಯರ ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ಮೆರವಣಿಗೆಗೆ ಹೋದವರ ಹೆಸರು ಸಿಕ್ಕಿತೆಂದರೆ ಮನೆಮಂದಿಯ ಕೆಲಸಕ್ಕೆಲ್ಲ ಕುತ್ತು. ಹಾಗಾಗಿ ಎಷ್ಟೋ ಮಕ್ಕಳು ಪೊಲೀಸರಿಗೆ ಸುಳ್ಳು ಹೆಸರು ಕೊಟ್ಟವು. ದೊಡ್ಡಮ್ಮನೂ ಯಾವುದಾದರೊಂದು ಹೆಸರು ಹೇಳಬಹುದಿತ್ತು. ಆದರೆ ಅವಳು ತೊಟ್ಟಿದ್ದದ್ದು ಹ್ಯಾಸ್ಕಿನ್ಸರ ಮಗಳು ಬಿಟ್ಟ ಫ್ರಾಕು. ಕಾಲರಿನ ಒಳಗೆ ಆ ಹುಡುಗಿಯ ಹೆಸರನ್ನು ದಾರದಲ್ಲಿ ಹೊಲಿದಿದ್ದರು. ಪೊಲೀಸಿನವ ಕಾಲರು ಹಿಡಿದೇ ಹೆಸರು ಕೇಳಿದ. ಬೇರೆ ಹೆಸರು ಹೇಳಿದರೆ ಸಿಕ್ಕಿಬೀಳುತ್ತೇನೆಂದು ಇವಳು ಅದನ್ನೇ ಹೇಳಿಬಿಟ್ಟಳು: ಲೂಸಿಂಡಾ ಹ್ಯಾಸ್ಕಿನ್ಸ್.

ಜೈಲು ತುಂಬಿ ಮಕ್ಕಳನ್ನು ಜಾತ್ರೆ ಮೈದಾನದ ದನದ ಕೊಟ್ಟಿಗೆಗಳಿಗೆ ತಳ್ಳಿದ್ದರು. ನಾಲ್ಕಾರು ದಿನವಾದ ಮೇಲೆ ಒಂದು ಬೆಳಿಗ್ಗೆ ಪೊಲೀಸಿನವನೊಬ್ಬ ಬಂದು, "ಕಳ್ಳಿ" ಎಂದು ದೊಡ್ಡಮ್ಮನ ಕಪಾಳಕ್ಕೆ ಹೊಡೆದ. ಉಳಿದ ಮಕ್ಕಳನ್ನು ಬಿಟ್ಟ ಮೇಲೂ ಇವಳನ್ನು ಇಟ್ಟುಕೊಂಡರು. ಇದ್ದಕ್ಕಿದ್ದಂತೆ ಕಳ್ಳಿ ಯಾಕಾದೆ ಎಂದು ಅವಳಿಗೆ ತಿಳಿಯಲೇ ಇಲ್ಲ.

ಈಗ ಅಲ್ಲೊಂದು ಕಪ್ಪು ಕಲ್ಲು ನಿಲ್ಲಿಸಿ ಬಂಧಿತ ಮಕ್ಕಳ ಹೆಸರು ಕೆತ್ತಿದ್ದಾರೆ. ಪೊಲೀಸರು ಬರೆದಿಟ್ಟಿದ್ದೇ ಕಲ್ಲಿಗೂ ಏರಿತು. ದೊಡ್ಡಮ್ಮ ಕಲ್ಲಿನ ಸಮಿತಿಯವರ ಬಾಗಿಲು ಸವೆಸಿದಳು. "ಆ ಹೆಸರಿನ ಹೆಂಗಸನ್ನೇ ಕರೆತಂದು, ತಾನು ಜೈಲಿನಲ್ಲಿರಲಿಲ್ಲ ಅಂತ ಹೇಳಿಸಿ, ಆಗ ತಿದ್ದಿ ಕೊಡ್ತೀವಿ" ಎಂದರು ಅವರು. ಎಲ್ಲಿಂದ ತರುವುದು? ಅಷ್ಟರಲ್ಲಿ ಲೂಸಿಂಡಾ ಹ್ಯಾಸ್ಕಿನ್ಸ್ ತಾನಾಗಿಯೇ ಅಟ್ಲಾಂಟಾದಿಂದ ಫೋನ್ ಮಾಡಿ ನನ್ನ ವ್ಯಾನಿನಲ್ಲಿ ಸೀಟು ಹಿಡಿದಳು. ಕಲ್ಲಿನ ಮೇಲೆ ತನ್ನ ಹೆಸರಿದೆಯಂತೆ, ನೋಡಬೇಕಂತೆ.

ಸುದ್ದಿ ತಿಳಿದ ದೊಡ್ಡಮ್ಮ ಈಸ್ಟರ್ ಹಬ್ಬದ ನೇರಳೆ ಹ್ಯಾಟು ತೊಟ್ಟು ಬಂದಳು. ಅದರ ಅಂಚಿನ ಮೇಲೆ ಹೆಲಿಕಾಪ್ಟರ್ ಇಳಿಸಬಹುದು.

"ದೊಡ್ಡಮ್ಮಾ, ನೀನು ಹಿಂದೆ ಸುಮ್ನೆ ಕೂತಿರು. ಕಲ್ಲಿನ ಹತ್ರ ನಾನೇ ನಿನ್ನ ಹೆಸರು ಕೂಗ್ತೀನಿ. ಸಿನಿಮಾ ಥರ ಇರುತ್ತೆ."

"ನಿನ್ನ ಸಿನಿಮಾ ನಿನ್ನ ಹತ್ರ ಇಟ್ಕೊ. ನನ್ನ ಹೆಸರು ಕಲ್ಲಿಗೆ ಬಂದ್ರೆ ಸಾಕು. ಸತ್ತ ಮೇಲೆ ಗೋರಿಗೆ ಹೆಂಗೂ ಕೆತ್ತಿಸ್ತೀರ, ಅದು ನನಗೆ ಕಾಣಲ್ಲ."

ಲೂಸಿಂಡಾ ಮುಂದಿನ ಸೀಟಿನಲ್ಲಿ ಕುಳಿತಳು. ದೊಡ್ಡಮ್ಮನ ವಾರಿಗೆಯವಳೇ, ಬಡಕಲು ದೇಹ, ನಗುಮುಖ, ಕುತ್ತಿಗೆಗೆ ಮುತ್ತಿನ ಸರ. ಆ ಪೊಲೀಸ್ ನಾಯಿಗಳನ್ನು ಕಬ್ಬಿಣದಲ್ಲಿ ಮಾಡಿ ನಿಲ್ಲಿಸಿರುವ ಪಾರ್ಕಿನಲ್ಲಿ ನಾಯಿಯ ಬಾಯಿಗೆ ಕೈ ಕೊಟ್ಟು ಫೋಟೋ ತೆಗೆಸಿಕೊಂಡಳು. ಅದೇ ವರ್ಷ ಬಾಂಬಿಗೆ ನಮ್ಮ ನಾಲ್ಕು ಹುಡುಗಿಯರು ಸತ್ತ ಚರ್ಚಿನ ಮುಂದೆ ಕಣ್ಣು ಒರೆಸಿಕೊಂಡಳು. ನಾನು ಒಳಗೊಳಗೇ ಕುಣಿಯುತ್ತಿದ್ದೆ. ಮೈದಾನದ ದಾರಿಗೆ ಬಿದ್ದ ಕೂಡಲೇ ಮೈಕಿನಲ್ಲಿ ಕೆಣಕಿದೆ.

"ಮಿಸ್ ಲೂಸಿಂಡಾ, ಗುಡ್ಡದ ಮೇಲಿನ ಬಿಳೀ ಹುಡುಗಿ ಹೆಸರು ನಮ್ಮ ಕಲ್ಲಿಗೆ ಹೆಂಗೆ ಬಂತು? ಎಲ್ಲರಿಗೂ ಕೇಳೋ ಹಾಗೆ ಹೇಳಿ."

"ಅಯ್ಯೋ, ಅದು ನಮ್ಮ ಮನೆಯಲ್ಲಿ ದೊಡ್ಡ ತಮಾಷೆ" ಎಂದು ಅವಳು ಹಿಂದಕ್ಕೆ ತಿರುಗಿ ಕುಳಿತಳು. "ಪ್ರತೀ ಕ್ರಿಸ್‌ಮಸ್‌ಗೂ ನಮ್ಮಪ್ಪ ಹೇಳಲೇಬೇಕು. ರಾತ್ರಿ ಊಟಕ್ಕೆ ಕೂತಿದ್ವಿ. ಪೊಲೀಸರ ಫೋನು ಬಂತು. ನಿಮ್ಮ ಮಗಳು ನಮ್ಮ ಜೈಲಲ್ಲಿದಾಳೆ, ಆದ್ರೆ ಮೈಬಣ್ಣ ಸ್ವಲ್ಪ ಜಾಸ್ತಿ ಬೆಂದಿದೆ, ಅಂದ್ರಂತೆ."

ಒಬ್ಬಿಬ್ಬರು ನಕ್ಕರು. ನಾನೂ ನಕ್ಕೆ. ನಗಿಸುವುದೇ ಕಸುಬಾದವನಿಗೆ ನಗು ತಡವಾಗಿ ನಿಲ್ಲುತ್ತದೆ.

"ನನ್ನ ಹಳೇ ಫ್ರಾಕು ಹಾಕಿದ್ಲಂತೆ ಆ ಹುಡುಗಿ. ಅಮ್ಮ ಅಡುಗೆಯವಳನ್ನ ಕರೆದ್ರು. ನಮ್ಮ ಪರ್ಲಿ ಅಂತ, ಮನೆಯವಳ ಹಾಗೇ ಇದ್ಲು. ಪರ್ಲೀ, ಆ ಫ್ರಾಕು ನಿನಗೆ ಕೊಟ್ಟಿದ್ದಲ್ವಾ, ಇದ್ಯಾರ ಮಗು, ಅಂತ ಕೇಳಿದ್ರು. ಪರ್ಲಿ ನನ್ನ ತಟ್ಟೆಗೆ ಕೋಳಿ ಗ್ರೇವಿ ಬಡಿಸ್ತಿದ್ಲು. ಒಂದು ತೊಟ್ಟು ಚೆಲ್ಲಲಿಲ್ಲ ನೋಡಿ. ಗೊತ್ತಿಲ್ಲಮ್ಮಾ, ಆ ಫ್ರಾಕು ಹಗ್ಗದ ಮೇಲಿಂದ ಕಳುವಾಯ್ತು, ಯಾವಳೋ ಕಳ್ಳಿ ಇರ್ಬೇಕು, ಚೆನ್ನಾಗಿ ಬುದ್ಧಿ ಕಲಿಸೋಕೆ ಹೇಳಿ, ಅಂದ್ಲು. ಅಪ್ಪ ಅದನ್ನೇ ಫೋನಲ್ಲಿ ಹೇಳಿದ್ರು. ಎಂಥ ನಿಯತ್ತಿನ ಹೆಂಗಸು ಅಂತೀನಿ."

ನನ್ನ ಕೈಯಲ್ಲಿ ಸ್ಟೀರಿಂಗ್ ಇತ್ತು. ಅದೊಂದೇ ಕಾರಣಕ್ಕೆ ವ್ಯಾನು ರಸ್ತೆಯ ಮೇಲೆ ಉಳಿಯಿತು. ಕನ್ನಡಿಯಲ್ಲಿ ಹಿಂದೆ ನೋಡಿದೆ. ನೇರಳೆ ಹ್ಯಾಟಿನ ಅಂಚು ಬಾಗಿ ಮುಖ ಮುಚ್ಚಿತ್ತು.

ಕಲ್ಲಿನ ಮುಂದೆ ಎಲ್ಲರೂ ಇಳಿದರು. ಲೂಸಿಂಡಾ ತನ್ನ ಹೆಸರನ್ನು ಹುಡುಕಿ ಬೆರಳಾಡಿಸಿದಳು. "ಪಾಪ, ಆ ಹುಡುಗಿ ಯಾರೋ. ಸಿಕ್ಕಿದ್ರೆ ಅವಳ ಹೆಸರೇ ಹಾಕ್ಸಿ ಅಂತ ಸಮಿತಿಗೆ ನಾನೇ ಹೇಳ್ತೀನಿ. ಈ ಕಥೆನೂ ಪೂರ್ತಿ ಹೇಳ್ತೀನಿ. ಕಲ್ಲಿನ ಪಕ್ಕ ಒಂದು ಫಲಕ ಹಾಕ್ಲಿ, ಪರ್ಲಿ ಮಾತೂ ಇರ್ಲಿ."

ಅಲಬಾಮಾದ ಅತಿ ದೊಡ್ಡ ಬಾಯಿ ಒಣಗಿತ್ತು. ಆದರೂ ತೆರೆದೆ. ಕೊಟ್ಟ ಮಾತಿತ್ತಲ್ಲ.

"ಮಿಸ್ ಲೂಸಿಂಡಾ, ಆ ಹುಡುಗಿ..."

"ಆ ಹುಡುಗಿ ಯಾರೋ ನಮಗ್ಯಾರಿಗೂ ಗೊತ್ತಿಲ್ಲ" ಎಂದಳು ದೊಡ್ಡಮ್ಮ. ಅವಳ ದನಿ ನಡುಗಲಿಲ್ಲ. "ಯಾವಳೋ ಇರ್ಬೇಕು. ಸತ್ತೂ ಹೋಗಿರ್ಬಹುದು."

ಲೂಸಿಂಡಾ ನಿಟ್ಟುಸಿರು ಬಿಟ್ಟು ತನ್ನ ಫೋನನ್ನು ದೊಡ್ಡಮ್ಮನ ಕೈಗಿಟ್ಟಳು. "ಒಂದು ಫೋಟೋ ತೆಗಿತೀಯಾ? ಹೆಸರು ಕಾಣೋ ಹಾಗೆ." ದೊಡ್ಡಮ್ಮ ತೆಗೆದಳು. ಬಿಸಿಲು ಅಡ್ಡ ಬರುತ್ತಿದೆಯೆಂದು ಲೂಸಿಂಡಾಳನ್ನು ಎಡಕ್ಕೆ ಸರಿಸಿ, ಇನ್ನೊಂದನ್ನೂ ತೆಗೆದಳು.

ಎಲ್ಲರನ್ನೂ ಇಳಿಸಿದ ಮೇಲೆ ದೊಡ್ಡಮ್ಮನನ್ನು ಮನೆಗೆ ಬಿಡಲು ಹೊರಟೆ.

"ಒಂದು ಮಾತು ಹೇಳಿದ್ರೆ ಆಗೋದು, ದೊಡ್ಡಮ್ಮಾ. ಇನ್ನು ಯಾರನ್ನ ತರೋದು?"

"ನನ್ನ ಹೆಸರು ಕಲ್ಲಿಗೆ ಬಂದ್ರೆ, ನಮ್ಮಮ್ಮ ಅಂದದ್ದು ಪಕ್ಕದಲ್ಲೇ ಬರುತ್ತೆ. ದಿನಾ ಎರಡು ಸಲ ನೀನು ಅದನ್ನ ಜನಕ್ಕೆ ಹೇಳ್ತೀಯ. ನಿನ್ನ ಬಾಯಿ ನನಗೆ ಗೊತ್ತಿಲ್ವಾ? ಈ ವರ್ಷ ಕಳ್ಳಿ ಅಂದ್ಲು ಅಂತೀಯ, ಬರೋ ವರ್ಷಕ್ಕೆ ಅವಳೇ ಬಂದು ಹೊಡೆದ್ಲು ಅಂತೀಯ."

"ಅವಳ ಮಾತಿಂದ್ಲೇ ಅಲ್ವಾ ನಿನಗೆ ಏಟು ಬಿದ್ದಿದ್ದು?"

"ಹೂಂ." ಅವಳು ಹ್ಯಾಟಿನಿಂದ ಪಿನ್ನು ತೆಗೆದು ಬಾಯಲ್ಲಿ ಕಚ್ಚಿಕೊಂಡಳು. ಆಮೇಲೆ ಅದನ್ನೂ ತೆಗೆದಳು. "ಬಿಟ್ಟು ಕಳಿಸಿದ ದಿನ ಮನೆಗೆ ಬಂದ್ರೆ, ನಮ್ಮಮ್ಮ ಕೈಯಾರೆ ನನಗೆ ಉಣಿಸಿದ್ಲು. ಎಲ್ಲಿದ್ದೆ ಅಂತ ಒಂದು ಮಾತು ಕೇಳ್ಲಿಲ್ಲ. ಇಷ್ಟು ವರ್ಷ ಅದನ್ನ ಪ್ರೀತಿ ಅಂದ್ಕೊಂಡಿದ್ದೆ. ಪ್ರೀತಿನೇ ಇರ್ಬೇಕು. ಗಾಡಿ ನಿಲ್ಲಿಸು, ನಡ್ಕೊಂಡು ಹೋಗ್ತೀನಿ."

ಅವಳು ಇಳಿದು ಹೋದಳು. ಮಧ್ಯಾಹ್ನದ ಪ್ರವಾಸಕ್ಕೆ ಚಿಕಾಗೋದಿಂದ ಬಂದ ಮೇಷ್ಟರುಗಳಿದ್ದರು. ಕಲ್ಲಿನ ಮುಂದೆ ನಿಂತು ಸಾಲಾಗಿ ಓದಿದೆ. ಲೂಸಿಂಡಾ ಹ್ಯಾಸ್ಕಿನ್ಸ್, ವಯಸ್ಸು ಹದಿಮೂರು. ಈ ಹುಡುಗಿ ಯಾರು ಎಂದು ಒಬ್ಬರು ಕೇಳಿದರು. ಗೊತ್ತಿಲ್ಲ ಸಾರ್ ಎಂದು ಮುಂದಿನ ಹೆಸರಿಗೆ ಹೋದೆ.